ಫೇರಿಂಗ್ ಕೊಳ್ಳುವ ಮೊದಲು ಅದರ ಹಿಂದಿನ ಸ್ಟೇ ನೋಡಿ

ಮಳೆಗಾಲದಲ್ಲಿ ಪುಣೆಯ ಗ್ಯಾರೇಜುಗಳಿಗೆ ಬರುವ ಸ್ಪೋರ್ಟ್ಸ್ ಬೈಕುಗಳಲ್ಲಿ ಹೆಚ್ಚಿನವು ಸಣ್ಣ ಬೀಳುವಿಕೆಯವು. ಕಾತ್ರಜ್ ಇಳಿಜಾರಿನಲ್ಲೋ, ನಿಪ್ಪಾಣಿ–ಬೆಳಗಾವಿ ಕಡೆಗೆ ಊರಿಗೆ ಹೊರಟಾಗ ಖಂಬಾಟ್ಕಿ ಘಾಟಿನ ತಿರುವಿನಲ್ಲೋ ಮೂವತ್ತು ನಲವತ್ತರ ವೇಗದಲ್ಲಿ ಜಾರಿ, ಒಂದು ಮಗ್ಗುಲಿಗೆ ಮಲಗಿ ಎದ್ದವು. ಸವಾರನ ಮೊಣಕೈ ತರಚಿರುತ್ತದೆ; ಗಾಡಿಯ ಫೇರಿಂಗ್, ಅಂದರೆ ಹೊರಮೈಯ ಪ್ಲಾಸ್ಟಿಕ್ ಹೊದಿಕೆಯ ಸೈಡ್ ಪ್ಯಾನೆಲ್ ಬಿರಿದು, ಕನ್ನಡಿ ಚೂರಾಗಿ, ಇಂಡಿಕೇಟರ್ ವೈರಿನಲ್ಲಿ ನೇತಾಡುತ್ತಿರುತ್ತದೆ. ಅವತ್ತು ರಾತ್ರಿಯೇ ಫೋನಿನಲ್ಲಿ ಪ್ಯಾನೆಲ್ ಬೆಲೆ ಹುಡುಕಲು ಶುರು. ದುಡ್ಡು ಪೋಲಾಗುವುದು ಈ ಅವಸರದಲ್ಲೇ. ಪ್ಯಾನೆಲ್ ತರುವುದು ಕೊನೆಯ ಕೆಲಸ. ಅದು ಕೂರುವ ಸ್ಟೇ, ಅಂದರೆ ಒಳಗಿನ ಲೋಹದ ಆಧಾರ, ನೆಟ್ಟಗಿದೆಯೇ ಎಂದು ನೋಡುವುದು ಮೊದಲನೆಯದು.

ಯಮಾಹಾ ಆರ್15, ಬಜಾಜ್ ಆರ್‌ಎಸ್ 200, ಮೊದಲ ತಲೆಮಾರಿನ ಕೆಟಿಎಂ ಆರ್‌ಸಿಗಳಂಥ ಗಾಡಿಗಳಲ್ಲಿ ಕನ್ನಡಿಗಳು ಹ್ಯಾಂಡಲ್ ಮೇಲಿಲ್ಲ, ಫೇರಿಂಗ್ ಮೇಲಿವೆ. ಮುಂದಿನ ಮಾಸ್ಕನ್ನು (ಹೆಡ್‌ಲೈಟ್ ಸುತ್ತಲಿನ ಪ್ಯಾನೆಲ್) ಹಾಯ್ದು ಹೋದ ಕನ್ನಡಿಯ ಬೋಲ್ಟು ಒಳಗಿನ ಲೋಹದ ಸ್ಟೇಗೆ ಬಿಗಿದಿರುತ್ತದೆ. ಗಾಡಿ ಮಗ್ಗುಲಿಗೆ ಬಿದ್ದಾಗ ನೆಲಕ್ಕೆ ಬೇಗ ತಾಗುವುದರಲ್ಲಿ ಕನ್ನಡಿಯೂ ಒಂದು, ಆ ಪೆಟ್ಟು ನೇರವಾಗಿ ಸ್ಟೇಗೆ ಹೋಗುತ್ತದೆ. ಹೊರಗಿನ ಪ್ಲಾಸ್ಟಿಕ್ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಸ್ಟೇ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಅಂಥ ಸ್ಟೇ ಮೇಲೆ ಕಂಪನಿಯ ಹೊಸ ಪ್ಯಾನೆಲ್ ತಂದಿಟ್ಟರೂ ಒಂದು ತೂತು ಸೇರುತ್ತದೆ, ಎರಡನೆಯದು ಸೇರುವುದಿಲ್ಲ. ಮೆಕ್ಯಾನಿಕ್ ಎಳೆದು ಕೂರಿಸುತ್ತಾನೆ. ಆಮೇಲೆ ಪ್ರತಿ ಹಂಪಿನಲ್ಲೂ ಆ ಎಳೆತ ಬೋಲ್ಟಿನ ತೂತಿನ ಸುತ್ತಲೇ ಕೆಲಸ ಮಾಡುತ್ತಿರುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಗಾಡಿಯನ್ನು ಪ್ಯಾಡಕ್ ಸ್ಟ್ಯಾಂಡ್ (ಚಕ್ರ ಎತ್ತಿ ಹಿಡಿಯುವ ಸ್ಟ್ಯಾಂಡ್) ಮೇಲೆ ನೆಟ್ಟಗೆ ನಿಲ್ಲಿಸಿ, ಹ್ಯಾಂಡಲ್ ನೇರ ಇಟ್ಟು, ಎರಡು ಮೂರು ಮೀಟರ್ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಮಾಸ್ಕಿನ ತುದಿ ಮುಂದಿನ ಟೈರಿನ ನಡುಗೆರೆಯ ಮೇಲೆ ಬೀಳಬೇಕು. ಆಮೇಲೆ ಟೇಪು ಹಿಡಿದು ಎಡಗಡೆ ಕನ್ನಡಿಯ ಬೋಲ್ಟ್ ತೂತಿನಿಂದ ಎಡ ಫೋರ್ಕಿನ (ಮುಂದಿನ ಚಕ್ರ ಹಿಡಿದ ಕೊಳವೆ) ತಲೆಯವರೆಗೆ, ಹಾಗೆಯೇ ಬಲಗಡೆ ಅಳೆಯಿರಿ. ಎರಡು ಮೂರು ಮಿ.ಮೀ. ವ್ಯತ್ಯಾಸವನ್ನು ರಬ್ಬರ್ ಬುಷ್‌ಗಳು ನುಂಗಿಕೊಳ್ಳುತ್ತವೆ. ಐದು ಮಿ.ಮೀ. ದಾಟಿದರೆ ಸ್ಟೇ ಬಿಚ್ಚಬೇಕು. ತೆಳು ಕೊಳವೆಯ ಸ್ಟೀಲ್ ಸ್ಟೇ ಅಲ್ಪಸ್ವಲ್ಪ ಬಾಗಿದ್ದರೆ ಕಾಯಿಸದೆ ನೆಟ್ಟಗೆ ಮಾಡಬಹುದು. ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸುವುದೇ ಸರಿ. ಎರಕದ ಅಲ್ಯೂಮಿನಿಯಂ ಸ್ಟೇಯನ್ನು ಬಗ್ಗಿಸಲು ಹೋಗಬಾರದು, ಮುರಿಯುತ್ತದೆ. ಸ್ಟೇ ಬಿಗಿಯುವ ಜಾಗ, ಅಂದರೆ ಸ್ಟೀರಿಂಗ್ ಹೆಡ್ ಬಳಿಯ ಚಾಸಿಯ ಕಿವಿಗಳೇ ಬಾಗಿದ್ದರೆ ಫೇರಿಂಗಿನ ಮಾತು ಬದಿಗಿಟ್ಟು ಮೊದಲು ಚಾಸಿ ಪರೀಕ್ಷೆ ಮಾಡಿಸಿ.

ಸ್ಟೇ ಸರಿಯಿದ್ದರೆ ಮುಂದಿನ ಪ್ರಶ್ನೆ, ಪ್ಯಾನೆಲ್ ನಿಜವಾಗಿಯೂ ಬೇಕೇ? ಬರೀ ಲಾಕ್ (ಪ್ಯಾನೆಲನ್ನು ಸಿಕ್ಕಿಸುವ ಪ್ಲಾಸ್ಟಿಕ್ ಕೊಕ್ಕೆ) ಮುರಿದಿದ್ದರೆ, ಅಥವಾ ಬಿರುಕು ಅಂಚಿನಿಂದ ಮೂರು ನಾಲ್ಕು ಸೆಂ.ಮೀ. ಒಳಗೆ ಮಾತ್ರ ಬಂದಿದ್ದರೆ ರಿಪೇರಿ ಸಾಕು. ಪ್ಯಾನೆಲ್ ಹಿಂಬದಿಯಲ್ಲಿ ಪ್ಲಾಸ್ಟಿಕ್ ಯಾವುದೆಂದು ಅಚ್ಚೊತ್ತಿರುತ್ತದೆ. ಹೊರಗೆ ಕಾಣುವ ಬಣ್ಣದ ಪ್ಯಾನೆಲ್‌ಗಳು ಸಾಮಾನ್ಯವಾಗಿ ಎಬಿಎಸ್ (ಬ್ರೇಕಿನದಲ್ಲ, ಪ್ಲಾಸ್ಟಿಕ್ಕಿನ ಹೆಸರು). ಒಳಗಿನ ಕಪ್ಪು ಭಾಗಗಳು ಬಹುಮಟ್ಟಿಗೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಅಚ್ಚು ಅಳಿಸಿಹೋಗಿದ್ದರೆ ಉಗುರಿನಷ್ಟು ಚೂರನ್ನು ನೀರಿಗೆ ಹಾಕಿ: ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಎಬಿಎಸ್ ಅಸಿಟೋನಿನಲ್ಲಿ ಕರಗುವುದರಿಂದ ಅದೇ ಪ್ಲಾಸ್ಟಿಕ್ಕಿನ ಪುಡಿ ಕಲಸಿದ ಪೇಸ್ಟ್‌ನಿಂದ ಬೆಸೆಯಬಹುದು. ಒಳಗಡೆ ಬಿಸಿ ಸ್ಟೇಪಲ್ ಕೂರಿಸಿದರೆ ಇನ್ನೂ ಗಟ್ಟಿ. ಪಿಪಿಗೆ ಅಸಿಟೋನ್ ತಾಗುವುದೇ ಇಲ್ಲ, ಬಿಸಿ ಬೆಸುಗೆಯೊಂದೇ ದಾರಿ. ಎರಡು ಬೋಲ್ಟುಗಳ ನಡುವೆ ಅಡ್ಡಕ್ಕೆ ಹಾಯ್ದ ಬಿರುಕು, ಚೂರು ಹಾರಿಹೋದ ತಿರುವು, ಇವೆರಡಕ್ಕೆ ಹೊಸದೇ ಬೇಕು.

ಇನ್ನು ಕೊಳ್ಳುವ ಮಾತು. ಪುಣೆಯ ನಾನಾ ಪೇಠಿನ ಬಿಡಿಭಾಗದ ಅಂಗಡಿಯಲ್ಲಿ "ಕಂಪನೀಚಾ ಮಾಲ್ ಆಹೇ" (ಕಂಪನಿಯದೇ ಮಾಲು) ಎಂದ ಮಾತ್ರಕ್ಕೆ ಅದು ಕಂಪನಿಯದಾಗುವುದಿಲ್ಲ. ಲಕೋಟೆಯ ಮೇಲಿನ ಪಾರ್ಟ್ ನಂಬರ್ ಓದಿ. ಯಮಾಹಾ ನಂಬರಿನಲ್ಲಿ ಮೊದಲ ಮೂರು ಅಕ್ಷರ ಮಾಡೆಲ್ ಸೂಚಿಸುತ್ತವೆ, ಬಣ್ಣ ಬಳಿದ ಪ್ಯಾನೆಲ್ ಆದರೆ ಕೊನೆಯ ಎರಡು ಅಕ್ಷರ ಬಣ್ಣವನ್ನು. ಹೋಂಡಾ, ಕವಾಸಾಕಿಗಳಲ್ಲೂ ಬಣ್ಣದ ಸಂಕೇತ ನಂಬರಿನ ಕೊನೆಗೇ ಬರುತ್ತದೆ. ಒಂದೇ ಹೆಸರಿನ ಗಾಡಿ ಎಂದು ನಂಬಬೇಡಿ: 2018ರ ಆರ್15 ವರ್ಷನ್ 3ರ ಪ್ಯಾನೆಲ್ 2021ರ ವರ್ಷನ್ 4ಕ್ಕೆ ಕೂರುವುದಿಲ್ಲ, 2014ರ ಆರ್‌ಸಿ 390ರದ್ದು 2022ರ ಆರ್‌ಸಿ 390ಕ್ಕೆ ಕೂರುವುದಿಲ್ಲ. ಎಡ ಬಲ ಎಂದರೆ ಯಾವಾಗಲೂ ಸೀಟಿನ ಮೇಲೆ ಕೂತವನ ಎಡ ಬಲ. ಗಾಡಿಯ ಎದುರು ನಿಂತು ಫೋಟೋ ತೆಗೆದು ಆರ್ಡರ್ ಮಾಡುವವರು ಇಲ್ಲೇ ಮೋಸ ಹೋಗುವುದು. ಆರ್‌ಸಿ ಪುಸ್ತಕದ (ಗಾಡಿಯ ನೋಂದಣಿ ಪತ್ರ) ಚಾಸಿ ನಂಬರ್ ಕೊಟ್ಟರೆ ಡೀಲರ್ ಕೌಂಟರಿನಲ್ಲಿ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಕೊಳ್ಳುವುದು ಎಲ್ಲಿಂದಾದರೂ ಇರಲಿ, ನಂಬರ್ ಮಾತ್ರ ಅಲ್ಲಿಂದ ತನ್ನಿ. ಹಳೆಯ ದರಪಟ್ಟಿ ತೋರಿಸಿದರೆ ಎಚ್ಚರ: 2025ರ ಸೆಪ್ಟೆಂಬರ್ 22ರಿಂದ ಬೈಕ್ ಬಿಡಿಭಾಗಗಳ ಜಿಎಸ್‌ಟಿ 28% ಹೋಗಿ 18% ಆಗಿದೆ.

ಕಂಪನಿಯದಲ್ಲದ ಸೆಟ್‌ಗಳಲ್ಲಿ ಎರಡು ಜಾತಿ. ಇಂಜೆಕ್ಷನ್ ಅಚ್ಚಿನವು ಉಕ್ಕಿನ ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ತುಂಬಿ ಮಾಡಿದವು. ಹಿಂಬದಿಯ ಪಕ್ಕೆಲುಬು, ಲಾಕ್, ಬೋಲ್ಟಿನ ಗೂಡು ಎಲ್ಲ ಒಂದೇ ತುಂಡಾಗಿ ಬಂದಿರುತ್ತವೆ, ದಪ್ಪ ಎಲ್ಲ ಕಡೆ ಸಮ. ಕಂಪ್ರೆಷನ್ ಬಗೆಯವು ಹಾಳೆಯನ್ನು ಬಿಸಿ ಮಾಡಿ ಒತ್ತಿದವು. ಮೂಲೆಗಳಲ್ಲಿ ತೆಳು, ತೂತುಗಳನ್ನು ಎಷ್ಟೋ ಸಲ ಆಮೇಲೆ ಕೈಯಲ್ಲಿ ಕೊರೆದಿರುತ್ತಾರೆ. ಮಾರುವವನು ಮುಂಬದಿಯ ಹೊಳಪಿನ ಫೋಟೋ ಮಾತ್ರ ಕಳಿಸಿದರೆ ಹಿಂಬದಿಯದನ್ನು ಕೇಳಿ, ಅಲ್ಲೇ ಗೊತ್ತಾಗುತ್ತದೆ. ಭೋಸರಿ ಕಡೆ ಫೈಬರ್ ಗ್ಲಾಸಿನಲ್ಲಿ ಕೈಯಿಂದ ಮಾಡಿಸಿಕೊಳ್ಳುವವರೂ ಇದ್ದಾರೆ. ಟ್ರ್ಯಾಕಿಗೆ ಅದು ಸರಿ: ಹಗುರ, ಒಡೆದರೆ ಮತ್ತೆ ಬಟ್ಟೆ ರೆಸಿನ್ ಹಚ್ಚಬಹುದು. ನಮ್ಮ ರಸ್ತೆಯ ನಡುಕಕ್ಕೆ ತೂತಿನ ಬಳಿ ಬೇಗ ಸೀಳುತ್ತದೆ, ದಿನನಿತ್ಯದ ಗಾಡಿಗೆ ಬೇಡ.

ಹೊರದೇಶದಿಂದ ಪೂರ್ತಿ ಸೆಟ್ ತರಿಸುವವರು ಸಾಗಣೆಯ ಲೆಕ್ಕ ಮೊದಲೇ ಹಾಕಲಿ. ಕೊರಿಯರ್‌ನವರು ತೂಕಕ್ಕಿಂತ ಗಾತ್ರ ನೋಡುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಪೆಟ್ಟಿಗೆ 100, 60, 45 ಇದ್ದರೆ ಒಳಗಿನ ಪ್ಲಾಸ್ಟಿಕ್ ಹತ್ತು ಹನ್ನೆರಡು ಕೆಜಿಯೇ ಇದ್ದರೂ ಬಿಲ್ ಆಗುವುದು 54 ಕೆಜಿಗೆ. ಸುಂಕ ಬೀಳುವುದು ಮಾಲಿನ ಬೆಲೆಗೆ ಈ ಸಾಗಣೆ, ವಿಮೆ ಎಲ್ಲ ಕೂಡಿಸಿದ ಮೊತ್ತದ ಮೇಲೆ. ಸುಂಕ ಸೇರಿದ ಮೊತ್ತಕ್ಕೆ ಮತ್ತೆ ಜಿಎಸ್‌ಟಿ. ಚಾಕಣದಲ್ಲೇ ತಯಾರಾಗುವ ಆರ್‌ಸಿ, ಆರ್‌ಎಸ್‌ಗಳಿಗೆ ಇಷ್ಟೆಲ್ಲ ಮಾಡುವುದು ಶುದ್ಧ ಹುಚ್ಚು.

ಹಳೆಯ ಪ್ಯಾನೆಲ್ ಕೊಳ್ಳುವುದಾದರೆ ಬಣ್ಣ ನೋಡಬೇಡಿ, ತೂತು ನೋಡಿ. ಗುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಎಳೆದಿದ್ದರೆ ಅದು ಬಾಗಿದ ಸ್ಟೇ ಮೇಲೆ ಕೂತು ಬಂದದ್ದು. ಹಿಂಬದಿಯಲ್ಲಿ ಬಣ್ಣದ ತುಂತುರು ಇದ್ದರೆ ಮತ್ತೆ ಪೇಂಟ್ ಆಗಿದೆ. ಅಂಚನ್ನು ಮೆಲ್ಲಗೆ ಬಾಗಿಸಿ, ಪುಟ್ಟಿ ಮೆತ್ತಿದ್ದರೆ ಸಣ್ಣ ಚಟಚಟ ಸದ್ದು ಬರುತ್ತದೆ.

ಈಗ ಎಲ್ಲರೂ ಮರೆಯುವ ವಸ್ತು, ಕಾಲರ್. ಪ್ಯಾನೆಲಿನ ತೂತಿನಲ್ಲಿ ಒಂದು ರಬ್ಬರ್ ಬುಷ್, ಅದರೊಳಗೆ ಟೋಪಿಯಂಥ ಅಂಚಿರುವ ಲೋಹದ ಪುಟ್ಟ ಕೊಳವೆ ಇರುತ್ತದೆ. ಬೋಲ್ಟಿನ ತಲೆ ಒತ್ತುವುದು ಈ ಕೊಳವೆಯನ್ನು; ಕೊಳವೆ ಸ್ಟೇಗೆ ಒತ್ತಿ ನಿಲ್ಲುತ್ತದೆ. ನಡುವಿನ ರಬ್ಬರಿನಲ್ಲಿ ಪ್ಲಾಸ್ಟಿಕ್ ತೇಲಿದ ಹಾಗೆ ಇರುತ್ತದೆ, ನಡುಕ ಬಂದರೆ ಕದಲಲು ಜಾಗವಿರುತ್ತದೆ. ಬಿದ್ದ ಗಾಡಿಯಲ್ಲಿ ಈ ಕಾಲರ್ ರಸ್ತೆಯಲ್ಲೇ ಉಳಿದುಹೋಗಿರುತ್ತದೆ, ಅಥವಾ ಹಳೆ ಪ್ಯಾನೆಲ್ ಜೊತೆ ಗುಜರಿಗೆ ಹೋಗಿರುತ್ತದೆ. ಬದಲಿಗೆ ದೊಡ್ಡ ವಾಷರ್ ಹಾಕಿ ಬಿಗಿದರೆ ಪೂರ್ತಿ ಒತ್ತಡ ಪ್ಲಾಸ್ಟಿಕ್ ಮೇಲೆ. ಕೆಲವೇ ವಾರಗಳಲ್ಲಿ ತೂತಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಒಡೆಯುತ್ತದೆ, ದೂರು ಮಾತ್ರ ಪ್ಯಾನೆಲ್ ಕಂಪನಿಯ ಮೇಲೆ. ಪ್ಯಾನೆಲ್ ಆರ್ಡರ್ ಮಾಡುವಾಗಲೇ ಅದಕ್ಕೆ ಬೇಕಾದ ಕಾಲರ್, ಬುಷ್, ಎಂ5 ಮತ್ತು ಎಂ6 (5, 6 ಮಿ.ಮೀ. ದಪ್ಪದ) ಬೋಲ್ಟ್, ಯು ಕ್ಲಿಪ್, ಒತ್ತುವ ಪ್ಲಾಸ್ಟಿಕ್ ರಿವೆಟ್ ಎಲ್ಲವನ್ನೂ ಎಣಿಸಿ ಬರೆಸಿ. ರಿವೆಟ್ ಎರಡು ಹೆಚ್ಚೇ ಇರಲಿ.

ಬಣ್ಣ ಹೊಡೆಸುವ ಮೊದಲು ಒಮ್ಮೆ ಬರಿ ಪ್ಯಾನೆಲ್ ಕೂರಿಸಿ ನೋಡಲೇಬೇಕು. ಪೇಂಟ್ ಆದ ಮಾಲನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಮಾಸ್ಕ್, ನಂತರ ಎರಡೂ ಸೈಡ್, ಕೊನೆಗೆ ಕೆಳಗಿನ ಬೆಲ್ಲಿ. ಎಲ್ಲ ಬೋಲ್ಟನ್ನೂ ಕೈಯಿಂದ ಮೂರು ನಾಲ್ಕು ಸುತ್ತು ಮಾತ್ರ ಹಿಡಿಸಿ, ಎಲ್ಲವೂ ಸೇರಿದ ಮೇಲೆ ನಡುವಿನಿಂದ ಹೊರಕ್ಕೆ ಬಿಗಿಯುತ್ತ ಬನ್ನಿ. ಎಂ5 ಬೋಲ್ಟಿಗೆ ನಾಲ್ಕು ನ್ಯೂಟನ್ ಮೀಟರ್ ಆಸುಪಾಸು ಸಾಕು. ವಿಂಡ್‌ಸ್ಕ್ರೀನಿನ ಸ್ಕ್ರೂಗೆ ಎರಡು ಬೆರಳಿನ ಬಲ. ಥ್ರೆಡ್ ಲಾಕ್ ದ್ರವ (ಬೋಲ್ಟ್ ಸಡಿಲಾಗದಂತೆ ಹಚ್ಚುವ ಅಂಟು) ಎಬಿಎಸ್ ಹತ್ತಿರ ತರಬೇಡಿ, ಅದು ತಾಗಿದ ಕಡೆ ಪ್ಲಾಸ್ಟಿಕ್ ಬಿರಿಯುತ್ತದೆ. ಪೆಟ್ರೋಲ್, ಥಿನ್ನರಿಂದ ಒರೆಸುವುದೂ ಬೇಡ. ನಂತರ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಕ್ಲಚ್ ಕೇಬಲ್, ಬ್ರೇಕ್ ಹೋಸ್, ಲಿವರ್ ಪ್ಯಾನೆಲ್‌ಗೆ ತಾಗುತ್ತವೆಯೇ ನೋಡಿ. ಇಂಜಿನ್ ಫ್ಯಾನ್ ತಿರುಗುವಷ್ಟು ಕಾಯಿಸಿ, ಸೈಲೆನ್ಸರ್ ಬೆಂಡಿನ ಹತ್ತಿರ ಬೆರಳು ದಪ್ಪದ ಅಂತರವಾದರೂ ಉಳಿದಿದೆಯೇ ಪರೀಕ್ಷಿಸಿ. ಹಳೆಯ ಪ್ಯಾನೆಲ್ ಒಳಗಿದ್ದ, ಶಾಖ ತಡೆಯುವ ಬೆಳ್ಳಿ ಬಣ್ಣದ ಹಾಳೆಯನ್ನು ಹೊಸದಕ್ಕೂ ಅಂಟಿಸಬೇಕು.

ಪೇಂಟರ್‌ಗೆ ಎರಡೇ ಮಾತು ಹೇಳಿ. ಪಿಪಿ ಭಾಗವಾದರೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಬಣ್ಣ ನಿಲ್ಲುವುದಿಲ್ಲ, ಹಾಳೆಯಂತೆ ಸುಲಿಯುತ್ತದೆ. ಒಣಗಿಸುವ ಶಾಖ 60 ಡಿಗ್ರಿ ದಾಟಬಾರದು, ಎಬಿಎಸ್ ತಿರುಚಿಕೊಳ್ಳುತ್ತದೆ. ಗಾಡಿಯ ಮೂಲ ಬಣ್ಣ ಬಿಟ್ಟು ಬೇರೆ ಬಣ್ಣ ಮಾಡಿಸುವುದಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು.

ವಿಮೆಯ ಲೆಕ್ಕವನ್ನು ಗಾಡಿ ಬಿಚ್ಚುವ ಮೊದಲೇ ಮಾಡಿಕೊಳ್ಳಿ. ವಿಮೆಯವರ ಸರ್ವೇಯರ್ ನೋಡುವ ಮುನ್ನ ಒಂದು ಬೋಲ್ಟೂ ತೆಗೆಯಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ 50% ಸವಕಳಿ, ಫೈಬರ್ ಗ್ಲಾಸಿಗೆ 30%. ಒಟ್ಟಾಗಿ ಬರೆದ ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಬಣ್ಣವಿಲ್ಲದ ಪ್ಯಾನೆಲ್‌ಗೆ 12,000, ಪೇಂಟಿಗೆ 6,000 ಎಂದುಕೊಳ್ಳಿ: ನಿಮ್ಮ ಕೈಯಿಂದ 6,000 ಮತ್ತು 750, ಜೊತೆಗೆ ಕಡ್ಡಾಯ ಕಡಿತದ 100, ಒಟ್ಟು 6,850 ರೂಪಾಯಿ. ಉಳಿದ 11,150 ವಿಮೆಯದು. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಆದರೂ ಈ ಮೊತ್ತಕ್ಕೆ ಕ್ಲೇಮ್ ಲಾಭವೇ. ಮೂರು ಸಾವಿರದ ಒಂದೇ ಪ್ಯಾನೆಲ್‌ಗಾದರೆ ಬೋನಸ್ ಉಳಿಸಿಕೊಳ್ಳಿ. ಝೀರೋ ಡೆಪ್ (ಸವಕಳಿ ಕಳೆಯದ ಪಾಲಿಸಿ) ಇದ್ದವರಿಗೆ ಸವಕಳಿಯ ಚಿಂತೆಯಿಲ್ಲ, ವರ್ಷಕ್ಕೆ ಎಷ್ಟು ಕ್ಲೇಮ್ ಎಂಬ ಮಿತಿಯನ್ನು ಮಾತ್ರ ಪಾಲಿಸಿಯಲ್ಲಿ ಓದಿಕೊಳ್ಳಬೇಕು.

ಇನ್ನೂರು ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟನ್ನೂ ಒಮ್ಮೆ ಮುಟ್ಟಿ ನೋಡಿ, ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆಂದು ಹೊಂದಿಸಿ. ವಿಮೆಯವರು ಹಳೆಯ ಪ್ಯಾನೆಲ್ ಕೇಳದಿದ್ದರೆ ಎಸೆಯಬೇಡಿ. ಅದರಿಂದ ಪೆನ್ಸಿಲ್ ಅಗಲದ ನಾಲ್ಕು ಪಟ್ಟಿ ಕತ್ತರಿಸಿ ಟೂಲ್ ಡಬ್ಬಿಯಲ್ಲಿಡಿ. ಮುಂದೆ ಲಾಕ್ ಮುರಿದಾಗ ಬೆಸುಗೆಗೆ ಬೇಕಾಗುವುದು ಅದೇ ಜಾತಿಯ ಪ್ಲಾಸ್ಟಿಕ್.