ಐದು ಕಿಲೋಮೀಟರಿಗೆ ಒಂದು ನಿಮಿಷ

ಅಕ್ಕನ ಮಗನಿಗೆ ಹದಿನೆಂಟು ತುಂಬಿ ಮೂರು ತಿಂಗಳಿಗೆ ಲೈಸೆನ್ಸ್ ಕೈಗೆ ಬಂತು. ನೆಲದಲ್ಲಿ ನೆಟ್ಟ ಕಂಬಗಳ ನಡುವೆ ಎಚ್ ಆಕಾರದಲ್ಲಿ ಕಾರನ್ನು ಹಿಂದೆ ಮುಂದೆ ಓಡಿಸಿ, ಒಂದು ಕಂಬವನ್ನೂ ಮುಟ್ಟದೆ ಹೊರಬಂದಿದ್ದ. ಮರುದಿನವೇ ನಮ್ಮ ಮನೆಗೆ ಬಂದು, "ಮಾವ, ಬನ್ನಿ, ಪೇಟೆಗೆ ಹೋಗಿ ಬರೋಣ" ಎಂದು ಕರೆದ. ಮಧೂರು ರಸ್ತೆಯಲ್ಲಿರುವ ನಮ್ಮ ಮನೆಯಿಂದ ಕಾಸರಗೋಡು ಪೇಟೆಗೆ ಐದು ಕಿಲೋಮೀಟರ್.

ಕೈಯಲ್ಲಿ ನಡುಕವಿರಲಿಲ್ಲ, ಗೇರು ಬದಲಿಸುವುದೂ ನಯವಾಗಿತ್ತು. ಆದರೆ ಸ್ವಲ್ಪ ನೇರ ದಾರಿ ಸಿಕ್ಕಿದ ಕೂಡಲೇ ಮುಳ್ಳು ಅರವತ್ತಕ್ಕೆ ಏರಿತು. "ಐವತ್ತು ಸಾಲದೇ?" ಎಂದೆ. "ಹತ್ತು ಹೆಚ್ಚಾದರೆ ಏನಾಗುತ್ತದೆ ಮಾವ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಮೂವತ್ತು ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಿದ್ದು ಕಡಿಮೆ. ಅಂದು ಕಾರಿನಲ್ಲಿ ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಲಾಭವನ್ನು ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಹೋದರೆ ಐದು ಕಿಲೋಮೀಟರಿಗೆ 6 ನಿಮಿಷ ಬೇಕು. 60ರಲ್ಲಿ 5 ನಿಮಿಷ. ಉಳಿದದ್ದು ಒಂದು ನಿಮಿಷ. ಅದೂ ದಾರಿಯಲ್ಲಿ ಬಸ್ಸು ನಿಲ್ಲದಿದ್ದರೆ, ಶಾಲೆ ಬಿಡದಿದ್ದರೆ, ಎದುರಿನ ಆಟೋ ತಿರುಗದಿದ್ದರೆ ಮಾತ್ರ. ನಮ್ಮ ರಸ್ತೆಗಳಲ್ಲಿ ಪೂರ್ತಿ ದೂರಕ್ಕೆ ಅರವತ್ತು ಎಂದೂ ಸಿಗುವುದಿಲ್ಲ. ನಡುನಡುವೆ ಒಂದೆರಡು ಕಡೆ ಮುಳ್ಳು ಏರಿ ಇಳಿಯುತ್ತದೆ, ಅಷ್ಟೆ. ಹಾಗಾಗಿ ಕೊನೆಯಲ್ಲಿ ಅರ್ಧ ನಿಮಿಷ ಉಳಿದರೆ ಹೆಚ್ಚು. ಕಾರು ನಿಲ್ಲಿಸಲು ಜಾಗ ಹುಡುಕುವಾಗ ಆ ಅರ್ಧ ನಿಮಿಷವೂ ಹೋಗುತ್ತದೆ.

ಇನ್ನು ಆ ನಿಮಿಷಕ್ಕೆ ತೆರುವ ಬೆಲೆ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ತೂಕ ಹೆಚ್ಚಿದಷ್ಟೇ ಹೆಚ್ಚುತ್ತದೆ, ಆದರೆ ವೇಗದ ವಿಷಯದಲ್ಲಿ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 50ರಿಂದ 60ಕ್ಕೆ ಹೋದಾಗ ವೇಗ ಹೆಚ್ಚಿದ್ದು ಶೇಕಡಾ 20 ಆದರೆ ಶಕ್ತಿ ಹೆಚ್ಚಿದ್ದು ಶೇಕಡಾ 44. ಜನ ಕುಳಿತ 1,200 ಕಿಲೋಗ್ರಾಂ ಕಾರು 50ರಲ್ಲಿ ಸುಮಾರು 1,16,000 ಜೌಲ್ ಶಕ್ತಿಯನ್ನು ಹೊತ್ತು ಓಡುತ್ತದೆ. ಸವಾರನೂ ಸೈಕಲೂ ಸೇರಿ 80 ಕಿಲೋಗ್ರಾಂ ಎಂದುಕೊಂಡರೆ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದರ ಶಕ್ತಿ 700 ಜೌಲ್ ಕೂಡ ಇಲ್ಲ. ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ಸಾಗುವ ಈ ಎರಡರ ನಡುವೆ 160 ಪಟ್ಟಿಗಿಂತ ಹೆಚ್ಚಿನ ಅಂತರವಿದೆ.

ಜೌಲ್ ಎಂದರೆ ಮಕ್ಕಳ ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ತರಗತಿಯಲ್ಲಿ ನಾನು ಅಡಿಕೆ ಮರದ ಲೆಕ್ಕ ಹೇಳುತ್ತಿದ್ದೆ. ಕಾಸರಗೋಡಿನ ಮಕ್ಕಳಿಗೆ ಅಡಿಕೆ ಮರ ಏರುವವರನ್ನು ನೋಡಿ ಗೊತ್ತು. ಮಳೆಗಾಲದಲ್ಲಿ ಮದ್ದು ಬಿಡಲು ಹತ್ತಿ ಜಾರಿ ಬಿದ್ದವರ ಕಥೆ ಪ್ರತಿ ಊರಿನಲ್ಲೂ ಇದೆ. ಹತ್ತು ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವ ಹೊತ್ತಿಗೆ ಅವನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್ ಆಗಿರುತ್ತದೆ. 60 ಬೇಕೆಂದರೆ ಹದಿನಾಲ್ಕು ಮೀಟರ್ ಎತ್ತರ ಬೇಕು, ಅಂದರೆ ಇನ್ನೂ ನಾಲ್ಕು ಮೀಟರ್ ಮೇಲೆ ಹತ್ತಬೇಕು. 30 ಎಂದರೆ ಮೂರೂವರೆ ಮೀಟರ್, ಮನೆಯ ಮಾಡಿನಿಂದ ಬಿದ್ದ ಹಾಗೆ. ಸೈಕಲಿನ 15 ಎಂದರೆ ತೊಂಬತ್ತು ಸೆಂಟಿಮೀಟರ್. ಅದು ಎತ್ತರದ ಜಗಲಿಯಿಂದ ಅಂಗಳಕ್ಕೆ ಬಿದ್ದ ಹಾಗೆ. ಮೊಣಕಾಲು ತರಚಬಹುದು, ಕೈ ಮುರಿಯಲೂಬಹುದು. ಆದರೆ ಜಗಲಿಯಿಂದ ಬಿದ್ದವನಿಗೂ ಅಡಿಕೆ ಮರದ ತುದಿಯಿಂದ ಬಿದ್ದವನಿಗೂ ಇರುವ ವ್ಯತ್ಯಾಸವನ್ನು ನಮ್ಮೂರಿನ ಯಾರಿಗೂ ವಿವರಿಸಬೇಕಾಗಿಲ್ಲ.

ನಿಲ್ಲುವ ದೂರದ ಲೆಕ್ಕ ಇದಕ್ಕಿಂತಲೂ ಗಾಬರಿ ಹುಟ್ಟಿಸುತ್ತದೆ. ಮಗುವೊಂದು ರಸ್ತೆಗೆ ಓಡಿಬಂತು ಎಂದುಕೊಳ್ಳಿ. ಅದನ್ನು ಕಂಡು, ಅದೇನೆಂದು ಅರಿತು, ಕಾಲನ್ನು ಬ್ರೇಕಿನ ಮೇಲೆ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆ ಎನ್ನೋಣ. ಅಷ್ಟರಲ್ಲಿ 50ರ ಕಾರು ಬ್ರೇಕು ಹಿಡಿಯುವ ಮೊದಲೇ 21 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಟಯರು ಇದ್ದರೆ ಆಮೇಲೆ ಇನ್ನು 14 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 35 ಮೀಟರ್. ಮಗು ಸರಿಯಾಗಿ ಅಷ್ಟೇ ದೂರದಲ್ಲಿದ್ದರೆ ಬದುಕಿತು.

ಈಗ ಅದೇ ಜಾಗ, ಅದೇ ಮಗು, ಕಾರು ಮಾತ್ರ 60ರಲ್ಲಿದೆ. ಒಂದೂವರೆ ಸೆಕೆಂಡಿನಲ್ಲಿ ಅದು 25 ಮೀಟರ್ ಹೋಗಿಬಿಟ್ಟಿದೆ. ಉಳಿದ ಹತ್ತು ಮೀಟರಿನಲ್ಲಿ ಬ್ರೇಕು ತನ್ನಿಂದಾದುದನ್ನೆಲ್ಲ ಮಾಡಿದರೂ ಮಗುವಿನ ಬಳಿ ತಲುಪುವಾಗ ಕಾರಿನ ವೇಗ ಎಷ್ಟಿರುತ್ತದೆ? ಅಕ್ಕನ ಮಗನನ್ನು ಕೇಳಿದೆ. "ಹತ್ತೋ ಹದಿನೈದೋ" ಎಂದ. ಗಂಟೆಗೆ 43 ಕಿಲೋಮೀಟರ್. ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಎರಡು ಸಲ ಗುಣಿಸಿ ನೋಡಿದ. ಕಾರಿನ ಶಕ್ತಿಯ ಬಹುಪಾಲು ಕರಗುವುದು ಬ್ರೇಕು ಹಿಡಿದ ಕೊನೆಯ ಮೀಟರುಗಳಲ್ಲಿ ಎಂದು ನಮಗೆ ಅನ್ನಿಸುತ್ತದೆ. ನಿಜದಲ್ಲಿ ಬ್ರೇಕು ಪ್ರತಿ ಮೀಟರಿಗೂ ಒಂದೇ ಅಳತೆಯಷ್ಟು ಶಕ್ತಿಯನ್ನು ತಿನ್ನುತ್ತದೆ. ವೇಗದಲ್ಲಿ ಆ ಇಳಿತ ಮೊದಲ ಮೀಟರುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕೊನೆಯ ಮೀಟರುಗಳಲ್ಲಿ ಮಾತ್ರ ಸರ್ರನೆ ಕಾಣುತ್ತದೆ. ಆ ಕೊನೆಯ ಮೀಟರುಗಳೇ ಕೈತಪ್ಪಿದರೆ ವೇಗ ಹಾಗೆಯೇ ಉಳಿಯುತ್ತದೆ.

ಇದೆಲ್ಲ ಒಣ ರಸ್ತೆಯ ಮಾತು. ನಮ್ಮಲ್ಲಿ ಜೂನಿನಿಂದ ನಾಲ್ಕು ತಿಂಗಳು ರಸ್ತೆ ಒಣಗಿರುವುದೇ ಅಪರೂಪ. ಒದ್ದೆ ಡಾಮರಿನ ಹಿಡಿತ ಬಹಳ ಕಡಿಮೆ, ಬ್ರೇಕಿನ ದೂರ ಸುಲಭವಾಗಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೊದಲ ಮಳೆ. ಬೇಸಿಗೆಯುದ್ದಕ್ಕೂ ರಸ್ತೆಯಲ್ಲಿ ಕುಳಿತ ಎಣ್ಣೆ ಮತ್ತು ಧೂಳು ನೀರಿನೊಂದಿಗೆ ಬೆರೆತು ಲೋಳೆಯಂತಾಗುತ್ತದೆ. ಗುಡ್ಡದಿಂದ ಇಳಿದ ಕೆಂಪು ಮಣ್ಣು ತಿರುವುಗಳಲ್ಲಿ ಅದರ ಮೇಲೆ ಹರಡುತ್ತದೆ. ಎರಡು ದಿನ ಜೋರಾಗಿ ಸುರಿದು ರಸ್ತೆ ತೊಳೆದುಹೋಗುವವರೆಗೆ ಹೊಸಬರು ಕಾರನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಒಂದೂವರೆ ಸೆಕೆಂಡು ಹೆಚ್ಚಾಯಿತು ಎಂದು ಹುಡುಗರು ವಾದಿಸುತ್ತಾರೆ. ಅದಕ್ಕೆ ತರಗತಿಯಲ್ಲಿ ಒಂದು ಸ್ಕೇಲು ಸಾಕು. ಒಬ್ಬರು ಅದನ್ನು ಮೇಲಿನಿಂದ ಹಿಡಿದು ಹೇಳದೆ ಬಿಡಬೇಕು, ಇನ್ನೊಬ್ಬರು ಕೆಳಗೆ ಬೆರಳುಗಳನ್ನು ಅಗಲಿಸಿಕೊಂಡಿದ್ದು ಹಿಡಿಯಬೇಕು. ಸಾಮಾನ್ಯವಾಗಿ ಇಪ್ಪತ್ತು ಸೆಂಟಿಮೀಟರ್ ಜಾರಿದ ಮೇಲೆ ಕೈಗೆ ಸಿಗುತ್ತದೆ. ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಹುಡುಗರಿಗೆ ಹೆಮ್ಮೆ. ಆಮೇಲೆ ಅದೇ ಹುಡುಗನಿಗೆ ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತ ಸ್ಕೇಲು ಹಿಡಿಯಲು ಹೇಳುತ್ತೇನೆ. ಮೂವತ್ತು ಸೆಂಟಿಮೀಟರಿನ ಸ್ಕೇಲು ಪೂರ್ತಿ ಜಾರಿ ನೆಲಕ್ಕೆ ಬೀಳುತ್ತದೆ. ಅವನ ಬೆರಳು ನಿಧಾನವಾಗಲಿಲ್ಲ, ಮಿದುಳಿಗೆ ಬಿಡುವಿರಲಿಲ್ಲ. ಮೊಬೈಲಿನಲ್ಲಿ ಮಾತನಾಡುತ್ತ ಓಡಿಸುವವನ ಸ್ಥಿತಿ ಇದೇ. ಸ್ಕೇಲಿನ ಆಟದಲ್ಲಾದರೂ ಏನು ಬೀಳಲಿದೆ, ಎಲ್ಲಿ ಬೀಳಲಿದೆ ಎಂಬುದು ಮೊದಲೇ ಗೊತ್ತು. ರಸ್ತೆಯಲ್ಲಿ ಯಾವುದೂ ಗೊತ್ತಿಲ್ಲ.

ಎಲ್ಲಿ ನೋಡಬೇಕು ಎಂಬುದೇ ಹೊಸ ಚಾಲಕನ ದೊಡ್ಡ ಕೊರತೆ. 1972ರಲ್ಲಿ ಅಮೆರಿಕದ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಕಾರು ಓಡಿಸುವವರ ಕಣ್ಣು ಎಲ್ಲೆಲ್ಲಿ ನಾಟುತ್ತದೆ ಎಂದು ದಾಖಲಿಸಿದರು. ಪಳಗಿದವರ ನೋಟ ದೂರಕ್ಕೆ ಹೋಗುತ್ತಿತ್ತು, ಎಡಕ್ಕೂ ಬಲಕ್ಕೂ ಹರಡುತ್ತಿತ್ತು, ಕನ್ನಡಿಯತ್ತ ಹೋಗಿ ಬರುತ್ತಿತ್ತು. ಹೊಸಬರ ನೋಟ ಕಾರಿನ ಮೂತಿಗೆ ಹತ್ತಿರ, ಕಿರಿದಾದ ಪಟ್ಟಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ಕೈ ಕಾಲುಗಳ ಕೆಲಸ ಒಂದೆರಡು ವಾರದಲ್ಲಿ ಬರುತ್ತದೆ. ಕಂಬಗಳ ನಡುವಿನ ಎಚ್ ಅಳೆಯುವುದು ಅದನ್ನು. ಕಣ್ಣಿನ ಕೆಲಸ ಬರಲು ಬಹಳ ಕಾಲ ಬೇಕು, ಅದನ್ನು ಯಾವ ಕಂಬವೂ ಅಳೆಯುವುದಿಲ್ಲ.

ಇದರ ಜೊತೆಗೆ ವಯಸ್ಸಿನದೇ ಒಂದು ಸಂಗತಿ ಇದೆ. ಮುಂದಾಗುವುದನ್ನು ತೂಗಿ ನೋಡುವ, ಉಮೇದನ್ನು ತಡೆಹಿಡಿಯುವ ಕೆಲಸದಲ್ಲಿ ಮಿದುಳಿನ ಮುಂಭಾಗಕ್ಕೆ ದೊಡ್ಡ ಪಾತ್ರವಿದೆ. ಆ ಭಾಗ ಇಪ್ಪತ್ತರ ನಂತರವೂ ಬಲಿಯುತ್ತಲೇ ಇರುತ್ತದೆ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಆಡಿಸಿದರು. ಹಳದಿ ದೀಪ ಬಂದ ಮೇಲೂ ಎಷ್ಟು ಮುಂದೆ ಹೋಗುತ್ತೀರಿ ಎಂಬುದು ಪಂದ್ಯ. ಒಬ್ಬರೇ ಆಡುವುದಕ್ಕಿಂತ ಗೆಳೆಯರ ಎದುರು ಆಡಿದಾಗ 13ರಿಂದ 16 ವಯಸ್ಸಿನವರು ಎರಡು ಪಟ್ಟು ಅಪಾಯಕ್ಕೆ ಕೈಹಾಕಿದರು. 18ರಿಂದ 22ರವರು ಒಂದೂವರೆ ಪಟ್ಟು. 24 ದಾಟಿದವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಹುಡುಗನ ಸ್ವಭಾವವನ್ನು ಬೈದು ಪ್ರಯೋಜನವಿಲ್ಲ. ಮೊದಲ ವರ್ಷ ಕಾರಿನಲ್ಲಿ ನಾಲ್ಕು ಮಂದಿ ಗೆಳೆಯರನ್ನು ತುಂಬಿಕೊಂಡು ಹೋಗಲು ಬಿಡದಿರುವುದು ಅದಕ್ಕಿಂತ ಮೇಲು. ನ್ಯೂಜಿಲೆಂಡ್ 1987ರಲ್ಲೇ ಹೊಸಬರಿಗೆ ಹಂತಹಂತವಾಗಿ ಲೈಸೆನ್ಸ್ ಕೊಡುವ ಕ್ರಮವನ್ನು ತಂದಿತು. ನಮ್ಮಲ್ಲಿ ಆ ಹಂತಗಳನ್ನು ಮನೆಯವರೇ ಹಾಕಿಕೊಳ್ಳಬೇಕು.

ಹದಿನೆಂಟಾಗದವರ ಕೈಗೆ ಕೀಲಿ ಕೊಡುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಂಥ ಮಗು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡವಿದೆ. ನನ್ನನ್ನು ಕಾಡುವುದು ದಂಡವಲ್ಲ. 5ರಿಂದ 29 ವಯಸ್ಸಿನವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷ 1,68,491 ಮಂದಿ ರಸ್ತೆಯಲ್ಲಿ ಸತ್ತರು. ನಾನು ಹಾಜರಿ ಕೂಗಿದ ಹೆಸರುಗಳೂ ಇಂಥ ಲೆಕ್ಕಗಳಲ್ಲಿ ಸೇರಿವೆ.

ಅಕ್ಕನ ಮನೆಯ ಕೊಟ್ಟಿಗೆಯಲ್ಲಿ ಹುಡುಗನ ಸೈಕಲು ಎರಡು ವರ್ಷದಿಂದ ಒರಗಿತ್ತು. ಪ್ಲಸ್ ಟೂ ಸೇರಿದ ಮೇಲೆ ಸೈಕಲು ಹೊಡೆಯುವುದು ಚಿಕ್ಕವರ ಕೆಲಸ ಎನ್ನುವ ಭಾವನೆ ನಮ್ಮಲ್ಲಿದೆ. ವಿಜ್ಞಾನದ ಕಣ್ಣಿನಲ್ಲಿ ಅದಕ್ಕಿಂತ ಪ್ರೌಢವಾದ ಯಂತ್ರ ಕಡಿಮೆ. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ 1973ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಒಂದು ಕಿಲೋಮೀಟರ್ ನಡೆಯಲು ಬೇಕಾದ ಶಕ್ತಿಯ ಸುಮಾರು ಐದನೇ ಒಂದು ಪಾಲಿನಲ್ಲಿ ಸೈಕಲ್ ಸವಾರ ಅಷ್ಟೇ ದೂರ ಹೋಗುತ್ತಾನೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಅದೇ ಒಂದು ಕಿಲೋಮೀಟರಿಗೆ ಐನೂರಕ್ಕಿಂತ ಹೆಚ್ಚು ಕಿಲೋಕ್ಯಾಲರಿಯಷ್ಟು ಪೆಟ್ರೋಲು ಉರಿಸುತ್ತದೆ. ಅದರ ಬಹುಪಾಲು ಬಿಸಿಯಾಗಿ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಕಾರು ತನ್ನನ್ನು ತಾನೇ ಹೊರುವುದಕ್ಕೆ ಮುಗಿಯುತ್ತದೆ. ಒಬ್ಬನೇ ಕುಳಿತು ಹೋದರೆ ಆ ಮನುಷ್ಯನನ್ನು ಸಾಗಿಸಲು ಬಳಕೆಯಾದದ್ದು ನೂರರಲ್ಲಿ ಒಂದೆರಡು ಪಾಲು. ಪೇಟೆಯಲ್ಲಿ ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲು ನಿಲ್ಲುತ್ತವೆ ಎಂಬುದನ್ನು ಬ್ಯಾಂಕ್ ರೋಡಿನಲ್ಲಿ ಒಮ್ಮೆ ನಡೆದವರಿಗೆ ಹೇಳಬೇಕಾಗಿಲ್ಲ.

"ನಮ್ಮದು ಗುಡ್ಡದ ಊರು, ಸೈಕಲು ಆಗುವುದಿಲ್ಲ" ಎನ್ನುವವರ ಮಾತಿನಲ್ಲಿ ನಿಜವಿದೆ. ಸಾಮಾನ್ಯ ಆರೋಗ್ಯವಂತ ಮನುಷ್ಯ ದಣಿಯದೆ ಪೆಡಲಿಗೆ ಕೊಡಬಲ್ಲದ್ದು ಸುಮಾರು 75ರಿಂದ 100 ವಾಟ್. ಸಮತಟ್ಟಿನಲ್ಲಿ ಇದು ಧಾರಾಳ ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ಚಡಾವಿನಲ್ಲಿ ಗಂಟೆಗೆ ಬರೀ ಹತ್ತು ಕಿಲೋಮೀಟರ್ ವೇಗಕ್ಕೂ, ತೂಕವನ್ನು ಮೇಲೆತ್ತುವುದಕ್ಕೇ 110 ವಾಟ್ ಬೇಕು. ಮುರಕಲ್ಲಿನ ನಮ್ಮ ಗುಡ್ಡಗಳಲ್ಲಿ ಇದಕ್ಕಿಂತ ಕಡಿದಾದ ಚಡಾವು ಬೇಕಾದಷ್ಟಿವೆ. ಅಲ್ಲಿ ಇಳಿದು ತಳ್ಳಬೇಕು, ಇಲ್ಲವೇ ಸಣ್ಣ ಮೋಟಾರು ಬೇಕು. 250 ವಾಟ್ ಒಳಗಿನ ಮೋಟಾರಿದ್ದು ಗಂಟೆಗೆ 25 ಕಿಲೋಮೀಟರ್ ಮೀರದ ವಿದ್ಯುತ್ ಸೈಕಲಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಮೇಲಿನ ಲೆಕ್ಕ ನೋಡಿದರೆ ನಮ್ಮ ಚಡಾವುಗಳಿಗೆ ಅಷ್ಟು ಮೋಟಾರು ಚೆನ್ನಾಗಿಯೇ ಸಾಲುತ್ತದೆ.

ಅಪಾಯವನ್ನು ಮಾತ್ರ ಮೋಟಾರು ಕಡಿಮೆ ಮಾಡುವುದಿಲ್ಲ. ತಲಪಾಡಿಯಿಂದ ಬರುವ ಹೆದ್ದಾರಿ ಆರು ಪಥವಾದ ಮೇಲೆ ಪೇಟೆಯೊಳಗಿನ ಓಡಾಟ ಅದರ ಬದಿಯ ಸರ್ವಿಸ್ ರಸ್ತೆಗೆ ಬಿದ್ದಿದೆ. ಬಸ್ಸು, ಆಟೋ, ಕಾರು, ನಡೆಯುವವರು ಎಲ್ಲರೂ ಅಲ್ಲೇ. ಅಲ್ಲಿ ವೇಗ ಗಂಟೆಗೆ 30 ದಾಟದಂತೆ ನೋಡಿಕೊಂಡರೆ ಸಾಕು, ಅಡಿಕೆ ಮರದ ಲೆಕ್ಕ ಮಾಡಿನ ಲೆಕ್ಕಕ್ಕೆ ಇಳಿಯುತ್ತದೆ. ಪೀಟರ್ ಜೇಕಬ್ಸನ್ ಎಂಬವರು 2003ರಲ್ಲಿ ಹಲವು ಊರು ಮತ್ತು ದೇಶಗಳ ಅಂಕಿಗಳನ್ನು ಹೋಲಿಸಿ, ಸೈಕಲ್ ಸವಾರರೂ ನಡೆಯುವವರೂ ಹೆಚ್ಚಿದ ಕಡೆ ಒಬ್ಬೊಬ್ಬರಿಗಿರುವ ಅಪಾಯ ಕಡಿಮೆ ಎಂದು ತೋರಿಸಿದರು. ದಿನವೂ ಸೈಕಲನ್ನು ಕಾಣುವ ಚಾಲಕನ ಕಣ್ಣು ಅದಕ್ಕಾಗಿ ಕಾದಿರುತ್ತದೆ. ಇಡೀ ದಿನಕ್ಕೆ ಒಂದೇ ಸೈಕಲು ಕಂಡರೆ ಅದು ಕಂಡೂ ಕಾಣದ ಹಾಗೆ.

ಹುಡುಗನ ಕೊಟ್ಟಿಗೆಯ ಸೈಕಲಿಗೆ ಹೊಸ ಟ್ಯೂಬು, ಬ್ರೇಕಿನ ರಬ್ಬರು, ಹಿಂದೊಂದು ಕೆಂಪು ದೀಪ ಹಾಕಿಸಿದೆವು. ವಾರದಲ್ಲಿ ಮೂರು ದಿನ ಸೈಕಲಿನಲ್ಲಿ ಪೇಟೆಗೆ, ಭಾನುವಾರ ನನ್ನೊಂದಿಗೆ ಕಾರಿನಲ್ಲಿ, ಇದು ನಮ್ಮ ಒಪ್ಪಂದ. ಸೈಕಲ್ ಸವಾರನಿಗೆ ಸುತ್ತ ತಗಡಿನ ಗೋಡೆಯಿಲ್ಲ, ಆದ್ದರಿಂದ ಅವನ ಕಣ್ಣು ಕಿವಿ ತಾವಾಗಿಯೇ ಹರಡಿಕೊಳ್ಳುತ್ತವೆ, ಅದು ಕಾರಿಗೂ ಒದಗುತ್ತದೆ ಎಂಬುದು ನನ್ನ ನಂಬಿಕೆ. ಕಾರಿನಲ್ಲಿ ಅವನಿಗೊಂದು ಕೆಲಸ ಕೊಟ್ಟಿದ್ದೇನೆ: ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಓಡಿಸಬೇಕು. ಮೊದಲ ಭಾನುವಾರ ಅವನ ಬಾಯಿಂದ ಬಂದದ್ದು "ಮುಂದೆ ಬಿಳಿ ಕಾರು, ಮುಂದೆ ಲಾರಿ" ಎಂದಷ್ಟೇ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಉಳಿಯತ್ತಡ್ಕ ದಾಟುವಾಗ ಅವನು ಹೇಳುತ್ತ ಹೋದದ್ದು ಹೀಗೆ: "ಬಸ್ಸು ನಿಂತಿದೆ, ಅದರ ಮುಂದಿನಿಂದ ಯಾರಾದರೂ ದಾಟಬಹುದು, ಮೂವತ್ತಕ್ಕೆ ಇಳಿಸುತ್ತೇನೆ. ಬಸ್ಸಿನ ಅಡಿಯಲ್ಲಿ ಎರಡು ಕಾಲು ಕಾಣುತ್ತಿವೆ. ಬಲಗಡೆಯ ಆಟೋದ ಮುಂದಿನ ಚಕ್ರ ಈಚೆಗೆ ತಿರುಗಿದೆ. ಎಡಗಡೆ ಸೈಕಲಿನಲ್ಲಿ ಒಬ್ಬ ಹುಡುಗ ಇದ್ದಾನೆ ಮಾವ, ಎದುರು ನೀರು ನಿಂತ ಗುಂಡಿ ಇದೆ, ಅವನು ಈ ಕಡೆಗೇ ಬರುತ್ತಾನೆ." ಹುಡುಗ ಬಂದ. ನಮ್ಮ ಕಾರು ಅವನಿಂದ ಎರಡು ಮೀಟರ್ ದೂರದಲ್ಲಿ, ಅವನು ಗುಂಡಿ ದಾಟಿ ಹೋಗುವುದನ್ನೇ ಕಾಯುತ್ತ, ನಿಧಾನವಾಗಿ ಹಿಂದಿನಿಂದ ಬರುತ್ತಿತ್ತು.