ಹಾಲಿಗೆ ನೀರು ಬಿದ್ದಿದೆ, ಯಾವ ಬಾವಿಯದು ಅಂತ ಕೇಳಬೇಡಿ

"ಅಪವರ್ತನ ತೋರಿಸಿ ಮೇಷ್ಟ್ರೇ, ಆಮೇಲೆ ಒಪ್ತೀನಿ." ಮೈಸೂರಿನಲ್ಲಿ ಗಣಿತ ಪಾಠ ಮಾಡುತ್ತಾ ನಾನು ಅತಿ ಜಾಸ್ತಿ ಕೇಳಿದ ಮಾತು ಇದೇ ಇರಬೇಕು. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯ ಅಲ್ಲ ಎಂದರೆ ಸಾಕು, ಹಾಗಾದ್ರೆ ಯಾವುದರಿಂದ ಭಾಗ ಹೋಗುತ್ತೆ ಹೇಳಿ ಎನ್ನುತ್ತಾರೆ. ಗೊತ್ತಿಲ್ಲ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಹುಡುಗರು ಕೇಳಿದರೆ ಸರಿ. ಪಾಠ ಮಾಡುವವರೂ ಹೀಗೇ ಕೇಳಿದಾಗ ಸಿಟ್ಟು ಬರುತ್ತದೆ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಹಿರಿಯರೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಊರು ಮಂಡ್ಯದ ಕಡೆ. 2ರ 1277ನೇ ಘಾತದಲ್ಲಿ 1 ಕಳೆದರೆ ಬರುವ ಸಂಖ್ಯೆಯ ಹಿಂದೆ ಬಿದ್ದಿದ್ದಾರೆ. 385 ಅಂಕಿ. ಅದು ಸಂಯುಕ್ತ ಸಂಖ್ಯೆ, ಅಂದರೆ ಅವಿಭಾಜ್ಯ ಅಲ್ಲ, ಅನ್ನುವುದು ಖಚಿತ. ಆದರೆ ನಾನು ಬಲ್ಲಂತೆ, 1 ಮತ್ತು ಅದನ್ನೇ ಬಿಟ್ಟರೆ ಅದರ ಒಂದು ಅಪವರ್ತನವೂ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

"ಸಿಕ್ಕಿಲ್ಲ ಅಂದ್ಮೇಲೆ ಇದೆ ಅಂತ ಹೇಗೆ ಹೇಳ್ತೀರಿ?"

ಅವರ ಊರಿನ ಡೇರಿ ನೆನಪಿಸಿದೆ. ಲ್ಯಾಕ್ಟೋಮೀಟರ್ ಬಿಟ್ಟರೆ ಹಾಲಿಗೆ ನೀರು ಬೆರೆಸಿದ್ದು ಗೊತ್ತಾಗುತ್ತದೆ. ಬಾವಿ ನೀರೋ ನಾಲೆ ನೀರೋ ಅದು ಹೇಳಲ್ಲ. ಹೇಳಲ್ಲ ಅಂತ ಹಾಲು ಗಟ್ಟಿಯಾಗಿಬಿಡುತ್ತಾ?

ಚಿಕ್ಕದರಲ್ಲಿ ನೋಡಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲೇ ಹೇಳಿದ ಮಾತಿನಂತೆ, 13 ಅವಿಭಾಜ್ಯವಾದ್ದರಿಂದ 2ರ 12ನೇ ಘಾತವನ್ನು 13ರಿಂದ ಭಾಗಿಸಿದರೆ 1 ಉಳಿಯಲೇಬೇಕು. 4096, ಉಳಿಯುವುದು 1. ಸರಿ. ಈಗ 91. ಇದೂ ಅವಿಭಾಜ್ಯವಾಗಿದ್ದರೆ 2ರ 90ನೇ ಘಾತದಲ್ಲಿ 1 ಉಳಿಯಬೇಕು. ಅದೇ 4096ನ್ನು 91ರಿಂದ ಭಾಗಿಸಿದರೂ 1 ಉಳಿಯುತ್ತದೆ. 90 ಅಂದರೆ ಏಳು ಹನ್ನೆರಡು, ಮೇಲೆ ಆರು. ಒಂದೊಂದು ಹನ್ನೆರಡಕ್ಕೂ ಉಳಿಯುವುದು 1. ಹಾಗಾಗಿ ಕೊನೆಗೆ ಉಳಿಯುವುದು 2ರ 6ನೇ ಘಾತ, 64. ಒಂದಲ್ಲ. 91 ಸಿಕ್ಕಿಬಿತ್ತು! 91 ಅಂದರೆ 7 ಗುಣಿಸು 13. ಆದರೆ 91ರ ಈ ಲೆಕ್ಕದಲ್ಲಿ ಎಲ್ಲಾದರೂ 7ರಿಂದಲೋ 13ರಿಂದಲೋ ಭಾಗಿಸಿದೆವಾ? ಏಳು ಹನ್ನೆರಡು ಅಂದದ್ದು ಬರೀ ಎಣಿಕೆ. ಅದನ್ನು ಅಪವರ್ತನ ಅಂದುಕೊಳ್ಳಬೇಡಿ. ಹಾಗೆ ಅಂದುಕೊಂಡು ವಾದಕ್ಕೆ ನಿಂತವರೂ ಇದ್ದಾರೆ.

ಒಂದು ಎಚ್ಚರಿಕೆ. ಹಾಲಿಗೆ ಸಕ್ಕರೆ ಹಾಕಿ ಲ್ಯಾಕ್ಟೋಮೀಟರಿಗೆ ಮೋಸ ಮಾಡುವವರಿದ್ದಾರಲ್ಲ, ಸಂಖ್ಯೆಗಳಲ್ಲೂ ಇದ್ದಾವೆ. 341 ಈ ಪರೀಕ್ಷೆ ದಾಟಿಬಿಡುತ್ತದೆ, ಆದರೆ ಅದು 11 ಗುಣಿಸು 31. ಅಂದರೆ ಫೇಲಾದರೆ ಸಂಯುಕ್ತ ಅನ್ನುವುದು ಖಂಡಿತ, ಪಾಸಾದರೆ ಅವಿಭಾಜ್ಯ ಅನ್ನುವ ಹಾಗಿಲ್ಲ. ಹಿರಿಯರ ಸಂಖ್ಯೆಯ ಜಾತಿಗೆ ಬೇರೆಯೇ ಪರೀಕ್ಷೆ ಇದೆ. 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, ಹಿರಿಯರ ಆ 385 ಅಂಕಿಯ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಹೀಗೆ 1275 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇದಕ್ಕೆ ಸಕ್ಕರೆ ಆಟ ನಡೆಯಲ್ಲ. ಇಲ್ಲಿ ಸೊನ್ನೆ ಬರಲಿಲ್ಲ, ಮುಗೀತು.

ಇದೇನು ಕಂಪ್ಯೂಟರ್ ಕಾಲದ ಹೊಸ ವಿಚಾರವೂ ಅಲ್ಲ. 2ರ 67ನೇ ಘಾತದಲ್ಲಿ 1 ಕಳೆದ ಸಂಖ್ಯೆ ಸಂಯುಕ್ತ ಅಂತ ಫ್ರಾನ್ಸಿನದೇ ಗಣಿತಜ್ಞ ಲ್ಯೂಕಾ 1876ರಲ್ಲೇ ತೋರಿಸಿದ. ಅದರ ಅಪವರ್ತನ ಹೊರಬಂದದ್ದು 1903ರಲ್ಲಿ. ಕೋಲ್ ಅನ್ನುವ ಅಮೆರಿಕದ ಮೇಷ್ಟ್ರು ಬೋರ್ಡಿನ ಮೇಲೆ 193707721 ಮತ್ತು 761838257287 ಎರಡನ್ನೂ ಗುಣಿಸಿ ತೋರಿಸಿ, ಒಂದು ಮಾತೂ ಆಡದೆ ಹೋಗಿ ಕೂತರು ಅಂತ ಕಥೆ. ನಡುವೆ 27 ವರ್ಷ ಆ ಸಂಖ್ಯೆ ಸಂಯುಕ್ತವಾಗಿಯೇ ಇತ್ತು, ಅಲ್ವಾ?

ಹಿರಿಯರು ಪೂರ್ತಿ ಒಪ್ಪಲಿಲ್ಲ. ಆದರೆ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಸುಮ್ನೆ 3, 7, 11 ಅಂತ ಭಾಗಿಸುತ್ತಿದ್ದಾರೆ ಅಂತ ತಿಳಿದು ನನಗೇ ಅಯ್ಯೋ ಅನ್ನಿಸಿತು. ಆ ಸಂಖ್ಯೆಯ ಯಾವ ಅಪವರ್ತನವೇ ಆಗಲಿ, 2554ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಸರಿಯಾಗಿ ಒಂದು ಜಾಸ್ತಿ ಇರಬೇಕು ಎಂದೆ. ಗೋತ್ರ ಗೊತ್ತು, ಆಸಾಮಿ ಸಿಕ್ಕಿಲ್ಲ ಅಷ್ಟೇ.

ಕಳೆದ ವಾರ ನೋಟ್‌ಬುಕ್ ತಂದಿದ್ದರು. 2554ರ ಮಗ್ಗಿ ಬರೆಯಲು ಶುರು ಮಾಡಿದ್ದಾರೆ, ಕೈಯಲ್ಲೇ. ಐದನೇ ಸಾಲಿನಲ್ಲಿ ತಪ್ಪಿತ್ತು. 12770 ಅಂತ ತಿದ್ದಿಕೊಟ್ಟೆ.