ಮಗುಚಿದ ಹಡಗು, ಎರಡು ಚಿತ್ರಗಳು: 1972 ಮತ್ತು 2006ರ ‘ಪೋಸೈಡನ್’ ಕುರಿತು ಅಧ್ಯಯನ ಟಿಪ್ಪಣಿ

ಧಾರವಾಡದಲ್ಲಿ ಸಿನಿಮಾವನ್ನು ಪಾಠವಾಗಿ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ವಿಪತ್ತಿನ ಚಿತ್ರಗಳ ರಚನೆಯನ್ನು ಅರಿಯಲು ಮೂಲಚಿತ್ರವನ್ನೂ ಅದರ ರೀಮೇಕನ್ನೂ ಜೊತೆಯಾಗಿ ನೋಡುವುದು ಒಳ್ಳೆಯ ದಾರಿ. ಎರಡರಲ್ಲೂ ಅನಾಹುತ ಒಂದೇ ಆಗಿರುವುದರಿಂದ, ಯಾರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬುದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಒಂದೇ ಪೌರಾಣಿಕ ಪ್ರಸಂಗವನ್ನು ಬೇರೆ ಬೇರೆ ನಾಟಕ ಕಂಪನಿಗಳು ಆಡುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿ, ಗದಗಿನ ಪ್ರೇಕ್ಷಕರು ಕಥೆ ತಿಳಿಯಲೆಂದು ಟಿಕೆಟ್ ಕೊಳ್ಳುತ್ತಿರಲಿಲ್ಲ; ಗೊತ್ತಿರುವ ಕಥೆಯನ್ನು ಈ ಕಂಪನಿಯವರು ಹೇಗೆ ನಡೆಸುತ್ತಾರೆಂದು ನೋಡಲು ಹೋಗುತ್ತಿದ್ದರು. ನಾವೂ ಈ ಎರಡು ಚಿತ್ರಗಳನ್ನು ಅದೇ ಕಣ್ಣಿನಿಂದ ನೋಡಬೇಕು.

ಮೂಲಚಿತ್ರ ‘ದ ಪೋಸೈಡನ್ ಅಡ್ವೆಂಚರ್’ 1972ರಲ್ಲಿ ಬಂತು. ಪಾಲ್ ಗ್ಯಾಲಿಕೊ 1969ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ; ನಿರ್ಮಾಪಕ ಇರ್ವಿನ್ ಅಲೆನ್, ನಿರ್ದೇಶಕ ರೊನಾಲ್ಡ್ ನೀಮ್. ರೀಮೇಕು ‘ಪೋಸೈಡನ್’ ಎಂಬ ಚಿಕ್ಕ ಹೆಸರಿನಲ್ಲಿ 2006ರಲ್ಲಿ ತೆರೆಗೆ ಬಂತು. ಅದರ ನಿರ್ದೇಶಕ ವುಲ್ಫ್‌ಗಾಂಗ್ ಪೀಟರ್ಸನ್. ಎರಡರಲ್ಲೂ ಹೊಸ ವರ್ಷವನ್ನು ಬರಮಾಡಿಕೊಳ್ಳುವ ರಾತ್ರಿ ಭಾರಿ ಪ್ರಯಾಣಿಕ ಹಡಗೊಂದು ಅಲೆಯ ಹೊಡೆತಕ್ಕೆ ಸಿಕ್ಕಿ ತಲೆಕೆಳಗಾಗುತ್ತದೆ. ಚಾವಣಿ ನೆಲವಾಗುತ್ತದೆ, ಹಡಗಿನ ತಳವೇ ನೀರಿನ ಮೇಲಿರುವ ಭಾಗವಾಗುತ್ತದೆ. ಬದುಕಬೇಕೆಂದರೆ ತಳದ ಕಡೆಗೆ, ಎಂದರೆ ಮೇಲಕ್ಕೆ, ಹತ್ತಬೇಕು. ಎರಡೂ ಚಿತ್ರಗಳಲ್ಲಿ ಒಂದು ಸಣ್ಣ ಗುಂಪು ಹೊರಡುತ್ತದೆ, ಎರಡರಲ್ಲೂ ಆರು ಜನ ಉಳಿಯುತ್ತಾರೆ.

ನಾನು ಈ ಟಿಪ್ಪಣಿಯಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಮೂಲಚಿತ್ರದಲ್ಲಿ ಪ್ರತಿಯೊಂದು ಹೆಜ್ಜೆಗೂ ಮೊದಲು ಒಂದು ವಾದ ನಡೆಯುತ್ತದೆ. ರೀಮೇಕಿನಲ್ಲಿ ಹೆಜ್ಜೆ ಉಳಿದಿದೆ, ವಾದ ಹೋಗಿದೆ. ಗ್ರಾಫಿಕ್ಸ್, ವೇಗ, ನಟವರ್ಗ ಎಂದು ನಾವು ಸಾಮಾನ್ಯವಾಗಿ ಪಟ್ಟಿ ಮಾಡುವ ವ್ಯತ್ಯಾಸಗಳು ಇದರ ಮುಂದೆ ಚಿಕ್ಕವು.

ಅಲೆ ಮತ್ತು ಹೊಣೆ

ಮೊದಲು ಅಲೆಯನ್ನೇ ತೆಗೆದುಕೊಳ್ಳೋಣ. 1972ರ ಚಿತ್ರದಲ್ಲಿ ಕ್ರೀಟ್ ದ್ವೀಪದ ಸಮೀಪ ಸಮುದ್ರದಡಿಯಲ್ಲಿ ಭೂಕಂಪವಾಗಿ, ಅದರಿಂದ ಎದ್ದ ಅಲೆ ಹಡಗನ್ನು ಮಗುಚುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದು ಬಲವಾದ ಕಾರಣವಲ್ಲ. ಭೂಕಂಪದ ಅಲೆ ಆಳವಾದ ನೀರಿನಲ್ಲಿ ಬಹಳ ತಗ್ಗಾಗಿರುತ್ತದೆ. ದಂಡೆಯ ಹತ್ತಿರ ನೀರಿನ ಆಳ ಕಡಿಮೆಯಾದಾಗ ಮಾತ್ರ ಅದು ಎತ್ತರವಾಗಿ ಏಳುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ಎತ್ತರವನ್ನು ಹಿಂದೂ ಮಹಾಸಾಗರದ ನಡುವೆ ಉಪಗ್ರಹಗಳು ಅಳೆದಾಗ ಅದು ಸುಮಾರು 60 ಸೆಂಟಿಮೀಟರ್ ಇತ್ತು. ರೀಮೇಕಿನವರು ಭೂಕಂಪವನ್ನು ಕೈಬಿಟ್ಟು, ನಡುಸಮುದ್ರದಲ್ಲಿ ಮುನ್ಸೂಚನೆಯಿಲ್ಲದೆ ಏಳುವ ರಾಕ್ಷಸ ಅಲೆಯನ್ನು ತಂದರು. ಇಂಥ ಅಲೆಗಳು ನಾವಿಕರ ಬಾಯಿಮಾತಿನ ಕಥೆಯೆಂಬ ಅನುಮಾನ ಬಹಳ ಕಾಲ ಇತ್ತು. 1995ರ ಜನವರಿ 1ರಂದು, ಹೊಸ ವರ್ಷದ ದಿನವೇ, ಉತ್ತರ ಸಮುದ್ರದ ಡ್ರೌಪ್ನರ್ ಎಂಬ ಅನಿಲ ವೇದಿಕೆಯ ಮಾಪಕದಲ್ಲಿ 25.6 ಮೀಟರ್ ಎತ್ತರದ ಅಲೆ ದಾಖಲಾದ ಮೇಲೆ ಆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಆದ್ದರಿಂದ ಕಾರಣದ ಮಟ್ಟಿಗೆ ರೀಮೇಕು ಹೆಚ್ಚು ಸರಿಯಾಗಿದೆಯೆಂದು ಒಪ್ಪಲೇಬೇಕು.

ಆದರೆ ಮೂಲದಲ್ಲಿ ಅಲೆಯೊಂದೇ ಹಡಗನ್ನು ಮಗುಚಲಿಲ್ಲ ಎಂಬುದನ್ನು ಗಮನಿಸಿ. ಹಡಗು ಗುಜರಿಗೆ ಹೋಗುವ ಮುಂಚಿನ ಕೊನೆಯ ಯಾನದಲ್ಲಿದೆ. ತಳದಲ್ಲಿ ಸಾಕಷ್ಟು ಭಾರ ತುಂಬಿಕೊಳ್ಳದೆ ಮೇಲ್ಭಾಗವೇ ತೂಕವಾಗಿದೆ. ಭಾರ ತುಂಬಿಸಲು ನಿಲ್ಲಬೇಕೆಂದು ಕಪ್ತಾನ ಹೇಳುತ್ತಾನೆ. ತಡವಾದರೆ ಹಣ ಹೋಗುತ್ತದೆಂದು ಮಾಲೀಕರ ಪ್ರತಿನಿಧಿ ವೇಗ ಹೆಚ್ಚಿಸಲು ಒತ್ತಾಯಿಸುತ್ತಾನೆ. ಹೀಗೆ ಅಲೆ ಬರುವ ಮೊದಲೇ ಚಿತ್ರದ ಮೊದಲ ವಾದ ಮುಗಿದಿರುತ್ತದೆ, ಮತ್ತು ತಪ್ಪು ಹೇಳಿದವನೇ ಅದರಲ್ಲಿ ಗೆದ್ದಿರುತ್ತಾನೆ. 2006ರ ಹಡಗಿಗೆ ಇಂಥ ಯಾವ ರೋಗವೂ ಇಲ್ಲ. ಅಲೆ ಬಂತು, ಹಡಗು ಮಗುಚಿತು. ವಿಜ್ಞಾನ ಸರಿಹೋಯಿತು, ಆದರೆ ಮನುಷ್ಯನ ಹೊಣೆ ಕಥೆಯಿಂದ ಜಾರಿಹೋಯಿತು.

ಹೊರಡುವವರು, ಕುಳಿತವರು

ಈ ಭಾಗವನ್ನು ನಿಧಾನವಾಗಿ ನೋಡಬೇಕು; ಎರಡೂ ಚಿತ್ರಗಳ ಜೀವ ಇರುವುದು ಇಲ್ಲಿ.

ಮೂಲಚಿತ್ರದ ಮುಂದಾಳು ಫ್ರಾಂಕ್ ಸ್ಕಾಟ್ ಎಂಬ ಪಾದ್ರಿ. ಪಾತ್ರವನ್ನು ಜೀನ್ ಹ್ಯಾಕ್‌ಮನ್ ಮಾಡಿದ್ದಾರೆ. ತನ್ನ ಚರ್ಚಿನ ಹಿರಿಯರೊಂದಿಗೆ ಹೊಂದಿಕೊಳ್ಳದ ಈತ, ಮಂಡಿಯೂರಿ ಬೇಡುವ ಪ್ರಾರ್ಥನೆಗಿಂತ ಎದ್ದು ಹೋರಾಡುವ ಪ್ರಯತ್ನವನ್ನು ದೇವರು ಮೆಚ್ಚುತ್ತಾನೆಂದು ಬೋಧಿಸುವವನು. ಅನಾಹುತಕ್ಕೆ ಮುನ್ನ ಹಡಗಿನ ಮೇಲೆ ಅವನು ಕೊಡುವ ಪ್ರವಚನವನ್ನು ಬಿಡದೆ ಕೇಳಿ. ಮುಂದೆ ನಡೆಯುವುದೆಲ್ಲ ಆ ಪ್ರವಚನದ ಪರೀಕ್ಷೆ. ಹಡಗು ಮಗುಚಿದ ಮೇಲೆ ಊಟದ ಸಭಾಂಗಣದಲ್ಲಿ ಹಡಗಿನ ಅಧಿಕಾರಿಯೊಬ್ಬ ಎಲ್ಲರೂ ಇಲ್ಲೇ ಇರಿ, ಸಹಾಯ ಬರುತ್ತದೆ ಎನ್ನುತ್ತಾನೆ. ಸ್ಕಾಟ್ ಮೇಲಕ್ಕೆ ಹತ್ತೋಣ ಎನ್ನುತ್ತಾನೆ. ಬಿದ್ದ ಕ್ರಿಸ್ಮಸ್ ಮರವನ್ನು ಎತ್ತಿ ನಿಲ್ಲಿಸಿ ಏಣಿಯಾಗಿ ಮಾಡಿಕೊಂಡು ಕೆಲವರು ಹತ್ತುತ್ತಾರೆ. ಗಾಯಗೊಂಡವರನ್ನು ಬಿಟ್ಟು ಬರಲಾರೆನೆಂದು ಹಡಗಿನ ಹಿರಿಯ ಪಾದ್ರಿ ಉಳಿಯುತ್ತಾನೆ. ನಿರ್ದೇಶಕರು ಈ ಹಿರಿಯನನ್ನು ಹೇಡಿಯಂತೆ ತೋರಿಸದಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ. ಉಳಿದವರ ಪರವಾಗಿಯೂ ಒಂದು ಸರಿಯಾದ ಮಾತು ಇದೆಯೆಂದು ಚಿತ್ರ ಒಪ್ಪುತ್ತದೆ. ಅಷ್ಟರಲ್ಲಿ ನೀರು ನುಗ್ಗಿ, ಜನ ಒಮ್ಮೆಲೇ ಮರಕ್ಕೆ ಮುತ್ತಿ, ಮರ ಕುಸಿದು ಬೀಳುತ್ತದೆ. ಮೇಲಿದ್ದ ಸ್ಕಾಟನಿಗೆ ಏನೂ ಮಾಡಲಾಗುವುದಿಲ್ಲ.

ವಾದ ಅಲ್ಲಿಗೆ ನಿಲ್ಲುವುದಿಲ್ಲ. ಅರ್ನೆಸ್ಟ್ ಬೋರ್ಗ್‌ನೈನ್ ಮಾಡಿರುವ ರೋಗೊ ಎಂಬ ಪೊಲೀಸ್ ಅಧಿಕಾರಿ ಪ್ರತಿ ತಿರುವಿನಲ್ಲೂ ಸ್ಕಾಟನನ್ನು ಪ್ರಶ್ನಿಸುತ್ತಾನೆ. ದಾರಿಯಲ್ಲಿ ಮತ್ತೊಂದು ದೊಡ್ಡ ಗುಂಪು ಹಡಗಿನ ಮುಂಭಾಗದ ಕಡೆಗೆ ಹೋಗುತ್ತಿರುವುದು ಕಾಣುತ್ತದೆ. ಅಷ್ಟು ಜನ ಅತ್ತ ಹೋಗುತ್ತಿರುವಾಗ ನಾವೇಕೆ ಇತ್ತ ಎಂಬ ರೋಗೊನ ಪ್ರಶ್ನೆ ನೋಡುವವರ ಪ್ರಶ್ನೆಯೂ ಹೌದು. ಯಂತ್ರಕೋಣೆಯ ದಾರಿ ಹುಡುಕಲು ಅವನು ಸ್ಕಾಟನಿಗೆ ಗಡುವು ಕೊಡುತ್ತಾನೆ. ಸ್ಕಾಟ್ ಸರಿಯಿರಬಹುದು, ತಪ್ಪೂ ಇರಬಹುದು ಎಂಬ ಸಂದೇಹವನ್ನು ಚಿತ್ರಕಥೆ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ.

2006ರಲ್ಲಿ ಮುಂದಾಳುಗಳು ಇಬ್ಬರು. ಜೋಶ್ ಲೂಕಸ್ ಮಾಡಿರುವ ಡಿಲನ್ ಒಬ್ಬ ವೃತ್ತಿಪರ ಜೂಜುಗಾರ. ಕರ್ಟ್ ರಸೆಲ್ ಮಾಡಿರುವ ರಾಮ್ಸೆ, ಹಿಂದೆ ಅಗ್ನಿಶಾಮಕ ದಳದಲ್ಲಿದ್ದು ಬಳಿಕ ನ್ಯೂಯಾರ್ಕಿನ ಮೇಯರ್ ಆಗಿದ್ದವನು. ಡಿಲನ್ ಒಬ್ಬನೇ ಹೊರಡಲು ಸಿದ್ಧನಾಗುತ್ತಾನೆ, ಉಳಿದವರು ಅವನ ಬೆನ್ನು ಹಿಡಿಯುತ್ತಾರೆ. ರಾಮ್ಸೆ ತನ್ನ ಮಗಳನ್ನು ಹುಡುಕಲು ಹೊರಡುತ್ತಾನೆ. ಸಭಾಂಗಣದಲ್ಲಿ ಕಪ್ತಾನ ಎಲ್ಲರನ್ನೂ ಅಲ್ಲೇ ಇರಲು ಹೇಳುತ್ತಾನೆ, ಆದರೆ ಅವನ ಮಾತಿಗೂ ಡಿಲನ್‌ನ ನಿರ್ಧಾರಕ್ಕೂ ನಡುವೆ ಮುಖಾಮುಖಿಯೇ ಹೆಚ್ಚಾಗಿ ಇಲ್ಲ. ಯಾರನ್ನೂ ಒಪ್ಪಿಸಬೇಕಾದ ಅಗತ್ಯವಿಲ್ಲದ ಮುಂದಾಳುವಿಗೆ ಮಾತೇ ಬೇಕಾಗುವುದಿಲ್ಲ. ಆಮೇಲೆ ಉಳಿಯುವುದು ಅಡ್ಡಿಗಳ ಸಾಲು: ಬೆಂಕಿ, ಲಿಫ್ಟಿನ ಬಾವಿ, ಗಾಳಿಕೊಳವೆ, ನೀರು ತುಂಬಿದ ತೊಟ್ಟಿ. ಒಂದೊಂದನ್ನೂ ಪೀಟರ್ಸನ್ ಕೌಶಲದಿಂದ ಚಿತ್ರಿಸಿದ್ದಾರೆ. 1981ರಲ್ಲಿ ಜಲಾಂತರ್ಗಾಮಿಯ ಒಳಗಿನ ಬದುಕನ್ನು ‘ದಾಸ್ ಬೂಟ್’ ಚಿತ್ರದಲ್ಲಿ ಉಸಿರು ಕಟ್ಟುವಂತೆ ತೋರಿಸಿದ ನಿರ್ದೇಶಕರು ಅವರು. ಇಕ್ಕಟ್ಟಾದ ಗಾಳಿಕೊಳವೆಯ ದೃಶ್ಯದಲ್ಲಿ ಆ ಕೈ ಸ್ಪಷ್ಟವಾಗಿ ಗುರುತು ಸಿಗುತ್ತದೆ.

ಸಾವಿನ ತೂಕ

ಮೂಲಚಿತ್ರದ ಉದ್ದ 117 ನಿಮಿಷ, ರೀಮೇಕಿನದು ಸುಮಾರು 98 ನಿಮಿಷ. ಕಡಿಮೆಯಾದ ಆ ಸಮಯ ಹೆಚ್ಚಾಗಿ ಅಲೆಯ ಮೊದಲಿನ ಭಾಗದಿಂದ ಮತ್ತು ನಡುವಿನ ಬಿಡುವುಗಳಿಂದ ಹೋಗಿದೆ. ಇದರ ಬೆಲೆ ಎಷ್ಟೆಂಬುದು ಬೆಲ್ ರೋಸನ್ ಎಂಬ ಪಾತ್ರದಿಂದ ತಿಳಿಯುತ್ತದೆ. ಶೆಲ್ಲಿ ವಿಂಟರ್ಸ್ ಮಾಡಿರುವ ಈ ಅಜ್ಜಿ ಗಂಡನೊಂದಿಗೆ ಮೊಮ್ಮಗನನ್ನು ಮೊದಲ ಸಲ ನೋಡಲು ಹೊರಟವಳು. ಸ್ಥೂಲಕಾಯದ ತಾನು ಎಲ್ಲರಿಗೂ ಹೊರೆಯಾಗುತ್ತೇನೆಂದು ಮೊದಲಿನಿಂದ ಹೇಳಿಕೊಳ್ಳುತ್ತಾಳೆ. ಹರೆಯದಲ್ಲಿ ನೀರಿನಡಿ ಈಜುವ ಸ್ಪರ್ಧೆಯಲ್ಲಿ ಗೆದ್ದಿದ್ದೆನೆಂದೂ ಹೇಳುತ್ತಾಳೆ. ನೀರು ತುಂಬಿದ ದಾರಿಯಲ್ಲಿ ಸ್ಕಾಟ್ ಲೋಹದ ಹಾಳೆಯಡಿ ಸಿಕ್ಕಿಬಿದ್ದಾಗ ಧುಮುಕಿ ಬಿಡಿಸುವವಳು ಅವಳೇ. ದಡ ಸೇರಿದ ಕ್ಷಣಕ್ಕೆ ಅವಳ ಹೃದಯ ನಿಲ್ಲುತ್ತದೆ. ಕೊರಳಿನ ಪದಕವನ್ನು ಮೊಮ್ಮಗನಿಗೆ ಮುಟ್ಟಿಸಲು ಗಂಡನಿಗೆ ಕೊಡಬೇಕೆಂದು ಹೇಳಿ ಕಣ್ಣು ಮುಚ್ಚುತ್ತಾಳೆ. ಆ ಗಂಡ ಹೆಂಡತಿಯ ದೇಹವನ್ನು ಬಿಟ್ಟು ಏಳಲೊಲ್ಲ. ಚಿತ್ರ ಅವನಿಗಾಗಿ ನಿಲ್ಲುತ್ತದೆ. ಹೊರೆಯೆಂದುಕೊಂಡವಳೇ ಮುಂದಾಳುವನ್ನು ಹೊತ್ತು ತಂದಳೆಂಬ ಅರ್ಥ ಮೂಡುವುದು ಅವಳ ಹಿಂದಿನ ಮಾತುಗಳನ್ನು ಕೇಳಲು ನಮಗೆ ಸಮಯ ಸಿಕ್ಕಿದ್ದರಿಂದ. ಈ ಪಾತ್ರಕ್ಕಾಗಿ ವಿಂಟರ್ಸ್ ಅವರ ಹೆಸರು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು.

ರೀಮೇಕಿನಲ್ಲಿ ಇದೇ ಜಾಗದಲ್ಲಿ ಎಲೆನಾ ಇದ್ದಾಳೆ. ಹಡಗಿನಲ್ಲಿ ಟಿಕೆಟ್ಟಿಲ್ಲದೆ ಅಡಗಿ ಬಂದ ಯುವತಿ, ಇಕ್ಕಟ್ಟಾದ ಜಾಗವೆಂದರೆ ಅವಳಿಗೆ ಭಯ. ನೀರಿನಡಿ ಈಜುವಾಗ ಅವಳೂ ಸಾಯುತ್ತಾಳೆ. ಅವಳ ಸಾವು ಭೀಕರವಾಗಿದೆ, ಆದರೆ ಅವಳು ಯಾರನ್ನು ಬಿಟ್ಟುಹೋದಳೆಂಬುದು ನಮಗೆ ತಟ್ಟುವ ಮೊದಲೇ ಗುಂಪು ಮುಂದಿನ ಬಾಗಿಲಿಗೆ ಹೋಗಿರುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಎತ್ತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಹೊರಟ ಗುಂಪಿನಲ್ಲಿ ಮೊದಲು ಸಾಯುವವನು ಎರಡೂ ಚಿತ್ರಗಳಲ್ಲಿ ಹಡಗಿನ ಮಾಣಿಯೇ. ಮೂಲದಲ್ಲಿ ಏಕರ್ಸ್, ರೀಮೇಕಿನಲ್ಲಿ ವ್ಯಾಲೆಂಟಿನ್. ಒಳದಾರಿ ಬಲ್ಲವರು ಇವರು, ಇಬ್ಬರೂ ಲಂಬವಾದ ಬಾವಿಯಂಥ ದಾರಿಯಲ್ಲಿ ಬಿದ್ದು ಸಾಯುತ್ತಾರೆ. ಟಿಕೆಟ್ ಕೊಂಡವರ ಕಥೆಯಲ್ಲಿ ದುಡಿಯುವವನು ದಾರಿ ತೋರಿಸಿ ಮರೆಯಾಗುವ ಈ ಕ್ರಮವನ್ನು ಮೂವತ್ತನಾಲ್ಕು ವರ್ಷಗಳ ನಂತರವೂ ಬದಲಿಸಬೇಕೆಂದು ಯಾರಿಗೂ ಅನ್ನಿಸಿಲ್ಲ.

ಆದರೂ ವ್ಯಾಲೆಂಟಿನ್ ಸಾಯುವ ದೃಶ್ಯ ರೀಮೇಕಿನ ಅತ್ಯಂತ ದಿಟ್ಟ ದೃಶ್ಯವೆಂದು ನನ್ನ ಅಭಿಪ್ರಾಯ. ಲಿಫ್ಟಿನ ಬಾವಿಯಲ್ಲಿ ರಿಚರ್ಡ್ ಡ್ರೇಫಸ್ ಮಾಡಿರುವ ವಾಸ್ತುಶಿಲ್ಪಿ ನೆಲ್ಸನ್ ನೇತಾಡುತ್ತಿದ್ದಾನೆ, ಅವನ ಕಾಲು ಹಿಡಿದು ವ್ಯಾಲೆಂಟಿನ್ ಜೋತುಬಿದ್ದಿದ್ದಾನೆ. ಇಬ್ಬರನ್ನೂ ಎಳೆಯಲಾಗದೆ, ಅವನನ್ನು ಒದ್ದು ಬಿಡಿಸಿಕೊ ಎಂದು ಡಿಲನ್ ಕೂಗುತ್ತಾನೆ. ನೆಲ್ಸನ್ ಒದೆಯುತ್ತಾನೆ. ಮೂಲಚಿತ್ರ ಇಷ್ಟು ಕಠಿಣವಾದ ಜಾಗಕ್ಕೆ ಹೋಗಲೇ ಇಲ್ಲ. ಅದೇ ರಾತ್ರಿ ಸಾಯಲೆಂದು ಹಡಗಿನ ಅಂಚಿಗೆ ಹೋಗಿದ್ದವನು ತನ್ನ ಜೀವಕ್ಕಾಗಿ ಇನ್ನೊಬ್ಬನನ್ನು ಒದೆಯುವುದರಲ್ಲಿ ಒಂದು ಇಡೀ ಚಿತ್ರಕ್ಕಾಗುವಷ್ಟು ವಿಷಯವಿದೆ. ದುಃಖದ ಸಂಗತಿಯೆಂದರೆ ಆ ಕೃತ್ಯದ ಭಾರವನ್ನು ಕಥೆ ಮುಂದೆ ಹೊರುವುದೇ ಇಲ್ಲ. ಯಾರೂ ನೆಲ್ಸನ್‌ನನ್ನಾಗಲಿ ಡಿಲನ್‌ನನ್ನಾಗಲಿ ಕೇಳುವುದಿಲ್ಲ. 1972ರಲ್ಲಾಗಿದ್ದರೆ ರೋಗೊ ಕೇಳುತ್ತಿದ್ದ.

ತಲೆಕೆಳಗಾದ ಲೋಕ

ಸೆಟ್ಟಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಮೂಲದಲ್ಲಿ ಮೇಲೆ ನೋಡಿದರೆ ನೆಲಕ್ಕೆ ಬಿಗಿದ ಮೇಜುಗಳು, ಕೆಳಗೆ ನೋಡಿದರೆ ಚಾವಣಿಯ ದೀಪಗಳು. ತಿರುಗುಮುರುಗಾದ ಮೆಟ್ಟಿಲು, ಶೌಚಾಲಯ, ಬಾಗಿಲುಗಳು ಚೌಕಟ್ಟಿನಲ್ಲಿ ಸದಾ ಇರುವುದರಿಂದ ನಾವು ಎಲ್ಲಿದ್ದೇವೆಂಬ ಅರಿವು ತಪ್ಪುವುದಿಲ್ಲ. ಚಿತ್ರೀಕರಣವನ್ನು ಬಹುಮಟ್ಟಿಗೆ ಕಥೆಯ ಕ್ರಮದಲ್ಲೇ ನಡೆಸಿದ್ದರಿಂದ ನಟರ ಬಟ್ಟೆಯ ಕೊಳೆ, ಮುಖದ ದಣಿವು ಹಂತಹಂತವಾಗಿ ಏರುತ್ತವೆ. ಹಳೆಯ ‘ಕ್ವೀನ್ ಮೇರಿ’ ಹಡಗಿನಲ್ಲೂ ಕೆಲವು ಭಾಗಗಳನ್ನು ಚಿತ್ರಿಸಿದ್ದರು. ರೀಮೇಕಿನ ಆರಂಭದಲ್ಲಿ ಹಡಗನ್ನು ಸುತ್ತಿ ಬರುವ ದೀರ್ಘ ಗ್ರಾಫಿಕ್ಸ್ ದೃಶ್ಯ ಅದ್ಭುತವಾಗಿದೆ, ದೃಶ್ಯಪರಿಣಾಮಕ್ಕಾಗಿ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಆದರೆ ಒಳಗೆ ಹೋದ ಮೇಲೆ ಕತ್ತಲು, ಮುರಿದ ಕಬ್ಬಿಣ, ಕಿಡಿಗಳು ತುಂಬಿಕೊಂಡು, ಇದು ಮಗುಚಿದ ಹಡಗೋ ಬಿದ್ದ ಕಾರ್ಖಾನೆಯೋ ಎಂದು ತಿಳಿಯದ ಹಾಗೆ ಆಗುತ್ತದೆ.

ನಮ್ಮ ಊರಿನವರು ಈ ಚಿತ್ರಗಳನ್ನು ನೋಡುವಾಗ ಇನ್ನೊಂದು ಎಚ್ಚರ ಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅವಶೇಷಗಳಡಿ ಅಲುಗಾಡಲಾಗದೆ ಸಿಲುಕಿದ್ದ ಕೆಲವರನ್ನು ರಕ್ಷಣಾ ಸಿಬ್ಬಂದಿ ಎರಡು ದಿನ ಕಳೆದ ಮೇಲೂ ಜೀವಂತವಾಗಿ ಹೊರತಂದರು. ಎದ್ದು ಹೊರಟವನು ಉಳಿಯುತ್ತಾನೆ, ಕಾದವನು ಸಾಯುತ್ತಾನೆ ಎಂಬುದು ಈ ಎರಡೂ ಚಿತ್ರಗಳ ಕಥಾನಿಯಮ. ಅದನ್ನು ಲೋಕದ ನಿಯಮವೆಂದು ನಾವು ಟಿಪ್ಪಣಿಯಲ್ಲಿ ಬರೆಯಬಾರದು. ಮೂಲದ ಹಿರಿಯ ಪಾದ್ರಿಯ ಮಾತಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೂ ಇದು ಕಾರಣ.

ಹಣದ ಲೆಕ್ಕ ಒಂದೇ ಸಾಲಿನದು. ಸುಮಾರು 50 ಲಕ್ಷ ಡಾಲರಿನಲ್ಲಿ ತಯಾರಾದ ಮೂಲಚಿತ್ರ ಆ ಕಾಲದ ಬಹುದೊಡ್ಡ ಗಳಿಕೆಯ ಚಿತ್ರಗಳಲ್ಲೊಂದಾಯಿತು. ಸುಮಾರು 16 ಕೋಟಿ ಡಾಲರ್ ನುಂಗಿದ ರೀಮೇಕು ಜಗತ್ತಿನಾದ್ಯಂತ 18 ಕೋಟಿಯ ಆಸುಪಾಸಿನಲ್ಲಿ ನಿಂತಿತು, ಚಿತ್ರಮಂದಿರಗಳ ಪಾಲು ಕಳೆದರೆ ಅದು ನಷ್ಟವೇ.

ಕೊನೆಯದಾಗಿ, ಮುಂದಿನ ಸಲ ಕೂಡಿ ನೋಡುವಾಗ ಎರಡು ತ್ಯಾಗದ ದೃಶ್ಯಗಳನ್ನು ಒಂದರ ಹಿಂದೊಂದು ಹಾಕಬೇಕೆಂದು ನನ್ನ ಸೂಚನೆ. 1972ರಲ್ಲಿ ರೋಗೊನ ಹೆಂಡತಿ ಬಿದ್ದು ಸತ್ತಾಗ ಅವನು ಸ್ಕಾಟನನ್ನು ಕೊಲೆಗಾರನೆಂದು ಬೈಯುತ್ತಾನೆ. ದಾರಿಗಡ್ಡವಾಗಿ ಬಿಸಿ ಹಬೆ ಚಿಮ್ಮುತ್ತದೆ. ಇನ್ನೆಷ್ಟು ಬಲಿ ಬೇಕೆಂದು ಸ್ಕಾಟ್ ದೇವರೊಂದಿಗೇ ಜಗಳಕ್ಕಿಳಿದು, ಹಬೆಯ ಚಕ್ರಕ್ಕೆ ಜೋತುಬಿದ್ದು ಅದನ್ನು ತಿರುಗಿಸಿ ಮುಚ್ಚಿ, ಗುಂಪನ್ನು ಮುನ್ನಡೆಸಲು ರೋಗೊನಿಗೆ ಹೇಳಿ ಕೈಬಿಡುತ್ತಾನೆ. ಇಡೀ ದಾರಿ ವಿರೋಧಿಸಿದವನ ಕೈಗೆ ಮುಂದಾಳತ್ವ ಬರುತ್ತದೆ, ಮತ್ತು ಅವನು ಗುಂಪನ್ನು ತಳದ ತೆಳುವಾದ ಉಕ್ಕಿನ ಹಾಳೆಯವರೆಗೆ ಮುಟ್ಟಿಸುತ್ತಾನೆ. 2006ರಲ್ಲಿ ರಾಮ್ಸೆ ಹಡಗಿನ ಪಂಖವನ್ನು ಹಿಮ್ಮುಖ ತಿರುಗಿಸಲು ನೀರಿನಡಿಗೆ ಈಜಿ ಹೋಗಿ, ಕೆಲಸ ಮುಗಿಸಿ ಮುಳುಗಿ ಸಾಯುತ್ತಾನೆ. ರಸೆಲ್ ಅವರ ಮುಖದ ಮೇಲೆ ಕ್ಯಾಮೆರಾ ಅಲುಗದೆ ನಿಲ್ಲುತ್ತದೆ, ಅಭಿನಯ ನಿಜಕ್ಕೂ ಕರುಳು ಹಿಂಡುತ್ತದೆ. ಒಬ್ಬ ಅಪ್ಪ ಮಗಳಿಗಾಗಿ ಸತ್ತನೆಂಬುದು ಅಲ್ಲಿ ಪೂರ್ಣವಾಗಿ ತಲುಪುತ್ತದೆ, ಆದರೆ ಅವನ ಸಾವಿನಿಂದ ಗುಂಪಿನಲ್ಲಿ ಯಾರೂ ಬೇರೆಯವರಾಗುವುದಿಲ್ಲ. ಎರಡನ್ನೂ ನೋಡಿದ ಮೇಲೆ, ಸತ್ತವನ ಕೆಲಸವನ್ನು ಯಾರು ಮುಂದುವರಿಸಿದರು ಎಂಬ ಒಂದು ಪ್ರಶ್ನೆಗೆ ಎಲ್ಲರೂ ಪ್ರತ್ಯೇಕವಾಗಿ ಉತ್ತರ ಬರೆದು ತಂದರೆ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.